ಚೌರಿಗೆ ಸಲ್ಲಬೇಕಾದ ಮರ್ಯಾದೆ

ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಕೂದಲೆಣ್ಣೆಗೆ ಈಚಿನ ವರ್ಷಗಳಲ್ಲಿ ಬಂದ ಹೆಸರು ಸಣ್ಣದಲ್ಲ. ಮೊಣಕಾಲು ಮುಟ್ಟುವ ಕೂದಲು ಇಳಿಬಿಟ್ಟು ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ನಿಂತವರ ವಿಡಿಯೊಗಳು ಹೂವಿನಹಡಗಲಿ, ಕೊಟ್ಟೂರು, ಹರಪನಹಳ್ಳಿಯ ಹೆಂಗಸರ ಮೊಬೈಲಿಗೂ ಬಂದಿವೆ. ಬಾಟಲಿ ತರಿಸಿಕೊಳ್ಳುವವರೆಲ್ಲ ಹುಡುಗಿಯರೆಂದು ತಿಳಿಯಬೇಡಿ. ನಲವತ್ತೈದು ದಾಟಿ, ಮುಟ್ಟು ಎರಡು ತಿಂಗಳಿಗೊಮ್ಮೆ ಮೂರು ತಿಂಗಳಿಗೊಮ್ಮೆ ಆಗಿ, ಹಣಿಗೆ ಎಳೆದಾಗಲೆಲ್ಲ ಉಂಡೆ ಕೂದಲು ಕೈಗೆ ಬರತೊಡಗಿದವರು ಅವರಲ್ಲಿ ಬಹಳ. ಆ ಎಣ್ಣೆಗೆ ಸಿಕ್ಕ ಹೆಸರಿನಲ್ಲಿ ಹತ್ತರಲ್ಲೊಂದು ಪಾಲೂ ಹೆರಳಿಗೆ ಸೇರಿಸಿ ಹೆಣೆಯುವ ಹೆಚ್ಚುವರಿ ಕೂದಲಾದ ನಮ್ಮ ಚೌರಿಗೆ ಸಿಕ್ಕಿಲ್ಲ ಅನ್ನುವುದು ನನ್ನ ತಕರಾರು.

ಎಣ್ಣೆ ಮಾರುವ ಜನರ ಮೇಲೆ ನನಗೆ ಸಿಟ್ಟಿಲ್ಲ. ಹಕ್ಕಿ ಹಿಡಿಯುವ ಕಸುಬನ್ನು ಕಾನೂನು ನಿಲ್ಲಿಸಿದ ಮೇಲೆ ಅವರು ಗಿಡಮೂಲಿಕೆ, ಎಣ್ಣೆ ಹೊತ್ತು ಆಫ್ರಿಕಾದವರೆಗೂ ಹೋದರು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಯುದ್ಧದಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಬಹಳ ಮಂದಿ ಈ ಸಮುದಾಯದವರೇ. ನನ್ನ ಜಗಳ ಎಣ್ಣೆಯ ಬಗ್ಗೆ ಹಬ್ಬಿದ ನಂಬಿಕೆಯ ಜೊತೆ. ಎಣ್ಣೆ ಕೂದಲಿನ ಎಳೆಯನ್ನು ನುಣುಪಾಗಿಸುತ್ತದೆ, ಹಣಿಗೆಗೆ ಸಿಕ್ಕಿ ತುಂಡಾಗುವುದನ್ನು ತಗ್ಗಿಸುತ್ತದೆ. ಕೊಬ್ಬರಿ ಎಣ್ಣೆಯೂ ಅಷ್ಟನ್ನು ಮಾಡುತ್ತದೆ. ಮುಟ್ಟು ನಿಲ್ಲುವ ಹೊತ್ತಿನಲ್ಲಿ ಆಗುವ ಕೇಡು ಎಳೆಯಲ್ಲಿ ಇರುವುದಿಲ್ಲ, ಬುಡದಲ್ಲಿರುತ್ತದೆ. ಈಸ್ಟ್ರೋಜನ್ ಹಾರ್ಮೋನು ಇಳಿದು, ಇದ್ದಷ್ಟು ಗಂಡುಹಾರ್ಮೋನು ಆಂಡ್ರೋಜನ್ನಿನ ಕೈ ಮೇಲಾದಾಗ ಕೂದಲಿನ ಬೇರುಚೀಲ ಕುಗ್ಗುತ್ತದೆ. ದಪ್ಪ ಕೂದಲು ಹುಟ್ಟುತ್ತಿದ್ದ ಕಡೆ ನವಿರು ಹುಟ್ಟುತ್ತದೆ. 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯಲ್ಲಿ ಬೋಳುತಲೆಯ ಹೆಸರೂ ಇದೆ, ಹೊಸ ಕೂದಲು ಬೆಳೆಸುವುದರ ಹೆಸರೂ ಇದೆ. ಇವನ್ನು ವಾಸಿ ಮಾಡುತ್ತೇನೆಂದು ಔಷಧ ಹೇಳಿಕೊಳ್ಳಕೂಡದು ಎಂದು ಬರೆದಿಟ್ಟ ಪಟ್ಟಿ ಅದು. ಎಣ್ಣೆಯ ವಿಚಾರ ಇಷ್ಟು ಸಾಕು.

ಚೌರಿಯ ಬಗ್ಗೆ ಬರೆದವರು ಯಾರು? ಕೂದಲಿನ ಬಗ್ಗೆ ನಮ್ಮ ಸಾಹಿತ್ಯ ಎಂದೂ ಬಾಯಿ ಕಟ್ಟಿಕೊಂಡು ಕೂತಿಲ್ಲ. ದ್ರೌಪದಿಯ ಬಿಚ್ಚಿದ ಮುಡಿಯ ಮೇಲೆ ಪಂಪನಿಂದ ಹಿಡಿದು ಬೇಕಾದಷ್ಟಿದೆ. ಅಕ್ಕಮಹಾದೇವಿ ಮೈಮೇಲೆ ಹೊದ್ದ ಕೂದಲನ್ನು ಹಿಡಿದು ಅಲ್ಲಮ ಕೇಳಿದ ಪ್ರಶ್ನೆಯ ಮೇಲೆ ವಿಮರ್ಶಕರು ತಲೆಮಾರುಗಟ್ಟಲೆ ಬರೆದಿದ್ದಾರೆ. ವಿಧವೆಯ ತಲೆ ಬೋಳಿಸುವ ಕ್ರೌರ್ಯಕ್ಕೆ ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಇದೆ, ಅದನ್ನು ಪ್ರೇಮಾ ಕಾರಂತರು 1983ರಲ್ಲಿ ಸಿನಿಮಾ ಮಾಡಿದರು. ಹರಪನಹಳ್ಳಿ, ಕೂಡ್ಲಿಗಿಯ ಕಡೆ ತಲೆಯಲ್ಲಿ ಜಟೆ ಕಟ್ಟಿದರೆ ಅದು ಉಚ್ಚಂಗೆಮ್ಮನ ಕರೆ, ಎಲ್ಲಮ್ಮನ ಕರೆ ಎಂದು ಊರೇ ಬಂದು ನೋಡುತ್ತಿತ್ತು. ಬಿಚ್ಚಿದ ಕೂದಲಿಗೆ, ಹೊದ್ದ ಕೂದಲಿಗೆ, ಬೋಳಿಸಿದ ಕೂದಲಿಗೆ, ಗಂಟುಕಟ್ಟಿದ ಕೂದಲಿಗೆ ಎಲ್ಲದಕ್ಕೂ ಮಾತಿದೆ. ಯಾರೂ ಕಿತ್ತುಕೊಳ್ಳದೆ, ಯಾವ ದೇವರೂ ಕೇಳದೆ, ಐವತ್ತರ ಆಸುಪಾಸಿನಲ್ಲಿ ದಿನಕ್ಕಿಷ್ಟು ಎಂದು ತಾನಾಗಿಯೇ ಹೋಗುವ ಕೂದಲಿಗೆ ನಮ್ಮ ಗಂಭೀರ ಬರಹದಲ್ಲಿ ಜಾಗ ಸಿಕ್ಕಿದ್ದು ನನಗೆ ಕಾಣೆ. ಅದಕ್ಕೊಂದು ಉತ್ತರ ಹುಡುಕಿದವರು ಜಾತ್ರೆಯಲ್ಲಿ ಪಿನ್ನು, ಬಳೆ, ಟೇಪು ಹರವಿಕೊಂಡು ಕೂರುವ ಹೆಂಗಸರು.

ಭರತ ಹುಣ್ಣಿಮೆಯ ಮೈಲಾರ ಜಾತ್ರೆಯಲ್ಲಿ, ಕೊಟ್ಟೂರೇಶ್ವರನ ತೇರಿನಲ್ಲಿ ಚೌರಿ ಕೊಳ್ಳುವುದನ್ನು ಹತ್ತಿರ ನಿಂತು ನೋಡಬೇಕು. ಕೊಳ್ಳುವವಳು ಹೆರಳನ್ನು ಭುಜದ ಮೇಲಿಂದ ಮುಂದಕ್ಕೆ ಎಳೆದುಕೊಳ್ಳುತ್ತಾಳೆ. ಮಾರುವವಳು ಒಂದೊಂದೇ ಚೌರಿಯನ್ನು ಅದರ ಪಕ್ಕಕ್ಕೆ ಹಿಡಿಯುತ್ತಾಳೆ. ನೆರಳಲ್ಲಿ ಬಣ್ಣ ನಂಬಬಾರದೆಂದು ಇಬ್ಬರೂ ಬಿಸಿಲಿಗೆ ಬರುತ್ತಾರೆ. “ಅಕ್ಕಾ, ಈ ಕಡುಗಪ್ಪು ನಿನಗ ಬ್ಯಾಡ. ಒಂದೆಳಿ ಕೆಂಪು ಕೂಡ್ಸಿದ್ದು ತಗಾ, ಹೊಂದ್ತೈತಿ,” ಅನ್ನುತ್ತಾಳೆ. ಮೆಹಂದಿ ಹಚ್ಚಿ ಕೆಂಪಾದ ನರೆಗೂದಲು ಯಾವುದು, ಬಿಸಿಲಿಗೆ ಬಣ್ಣಗೆಟ್ಟ ಕೂದಲು ಯಾವುದು ಎಂದು ಅವಳಿಗೆ ಗೊತ್ತು. “ಯಾಕೆ ಉದುರಿತು” ಎಂದು ಕೇಳುವುದಿಲ್ಲ, “ಇನ್ನೂ ಬೆಳೀತೈತಿ” ಎಂದು ಸುಳ್ಳು ಹೇಳುವುದೂ ಇಲ್ಲ.

ಚೌರಿಯನ್ನು ಅಲ್ಲಗಳೆಯುವವರ ಮೊದಲ ಮಾತು ಒಂದೇ: ತೆಳುವಾಗುವುದು ನೆತ್ತಿ, ಚೌರಿ ಉದ್ದ ಮಾಡುವುದು ಹೆರಳಿನ ತುದಿ. ನೆತ್ತಿಯ ಮಾತು ನಿಜ. ಜರ್ಮನಿಯ ಲುಡ್ವಿಗ್ ಎಂಬ ಚರ್ಮವೈದ್ಯ 1977ರಲ್ಲಿ ಹೆಂಗಸರ ಕೂದಲು ಹೋಗುವ ರೀತಿಯನ್ನು ಮೂರು ಹಂತ ಮಾಡಿ ಗುರುತಿಸಿದ. ಹಣೆಯಂಚಿನ ಕೂದಲು ಇದ್ದಲ್ಲೇ ಇರುತ್ತದೆ, ಬೈತಲೆ ಅಗಲವಾಗುತ್ತ ನೆತ್ತಿ ಕಾಣುತ್ತದೆ. ಇದನ್ನು ಹಿಡಿದುಕೊಂಡು ಚೌರಿ ವ್ಯರ್ಥವೆಂದು ತೀರ್ಪು ಕೊಟ್ಟವರು ಇನ್ನೊಂದು ಲೆಕ್ಕ ಮರೆತಿದ್ದಾರೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೆಳೆಯುವ ಅವಧಿ ಆರು ವರ್ಷವಿದ್ದರೆ ಎಳೆ 72 ಸೆಂಟಿಮೀಟರ್ ಮುಟ್ಟುತ್ತದೆ, ಸೊಂಟಕ್ಕೆ ಬರುತ್ತದೆ. ಆ ಅವಧಿ ಕುಗ್ಗಿ ಎರಡು ವರ್ಷಕ್ಕೆ ಬಂದರೆ 24 ಸೆಂಟಿಮೀಟರಿಗೇ ಉದುರಿ ಬೀಳುತ್ತದೆ. ಬೇರುಚೀಲ ಕುಗ್ಗಿದಾಗ ಆಗುವುದು ಇದೇ. ಕತ್ತರಿ ತಾಗದೆ ಹೆರಳು ಗಿಡ್ಡವಾಯಿತು, ಮೂರು ಬೆರಳಿನ ದಪ್ಪ ಇದ್ದದ್ದು ಕಿರುಬೆರಳಾಯಿತು ಎಂದು ನಮ್ಮ ಹೆಂಗಸರು ಹೇಳುವುದು ಭ್ರಮೆಯಲ್ಲ, ಅಳತೆ. ಆ ಅಳತೆಯಲ್ಲಿ ಹೋದ ಉದ್ದವನ್ನು, ಹೋದ ದಪ್ಪವನ್ನು ಚೌರಿ ನೇರವಾಗಿ ತುಂಬಿಕೊಡುತ್ತದೆ.

ಇನ್ನು ನೆತ್ತಿ. ಮಾಗಳದಂಥ ಹೊಳೆದಂಡೆಯ ಹಳ್ಳಿಯಲ್ಲಿ ಐವತ್ತರ ಹೆಂಗಸು ತಲೆಯ ಮೇಲೆ ಸೆರಗಿಲ್ಲದೆ ಬೀದಿಗೆ ಬರುವುದು ಕಡಿಮೆ. ನೆತ್ತಿಯನ್ನು ಸೆರಗು ನೋಡಿಕೊಳ್ಳುತ್ತದೆ. ಆ ಸೆರಗು ನಿಲ್ಲುವುದು ಯಾವುದರ ಮೇಲೆ? ಹಿಂದಲೆಯ ತುರುಬಿನ ಮೇಲೆ. ತುರುಬು ಸಣ್ಣದಾದರೆ ಸೆರಗು ಜಾರುತ್ತದೆ. ಬಗ್ಗಿ ಕಳೆ ತೆಗೆಯುವಾಗ, ಬಸ್ಸಿನ ಕಂಬಿ ಹಿಡಿದು ನಿಂತಾಗ, ನೀರಿನ ಕೊಡ ಎತ್ತುವಾಗ ಒಂದು ಕೈ ಸೆರಗಿಗೇ ಮೀಸಲಾಗಬೇಕು. ಚೌರಿ ಸೇರಿಸಿ ಕಟ್ಟಿದ ತುರುಬು ಸೆರಗನ್ನು ಹಿಡಿದಿಡುತ್ತದೆ, ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಚೌರಿಯೂ ಸೆರಗೂ ಕೂಡಿ ಮಾಡುವ ಈ ಕೆಲಸವನ್ನು ನೋಡದೆ ಚೌರಿಯೊಂದನ್ನೇ ಕೈಯಲ್ಲಿ ಹಿಡಿದು ಬೆಲೆ ಕಟ್ಟಿದವರ ತೀರ್ಪನ್ನು ನಾನು ಒಪ್ಪಲಾರೆ.

ಹಾಗೆಂದು ಕಟ್ಟಿದ್ದೆಲ್ಲ ಕಟ್ಟಲ್ಲ. ಹಳೆಯ ಪದ್ಧತಿಯಲ್ಲಿ ಕೂದಲನ್ನು ಕುತ್ತಿಗೆಯ ಹತ್ತಿರ ಸಡಿಲವಾಗಿ ಕೂಡಿಸಿ, ಮೊದಲು ತನ್ನ ಕೂದಲಿನದೇ ಮೂರೆಳೆಯಲ್ಲಿ ನಾಲ್ಕೈದು ಹೆಣಿಗೆ ಹಾಕಿ, ಆಮೇಲೆ ಚೌರಿಯ ಕುಣಿಕೆಯನ್ನು ನಡುವಿನ ಎಳೆಗೆ ಏರಿಸುತ್ತಿದ್ದರು. ಅಲ್ಲಿಂದ ಕೆಳಗೆ ಚೌರಿಯ ಒಂದೊಂದು ಎಳೆ ಹೆರಳಿನ ಒಂದೊಂದು ಎಳೆಯ ಜೊತೆ ಹೋಗುತ್ತದೆ. ಭಾರ ಬೀಳುವುದು ಹೆಣಿಗೆಯ ಮೇಲೆ, ಬುಡಕ್ಕೆ ಬರುವ ಹೊತ್ತಿಗೆ ಅದು ಹಂಚಿಹೋಗಿರುತ್ತದೆ. ಈಗ ಮದುವೆ ಮನೆಯ ಅಲಂಕಾರದಲ್ಲಿ ನಡೆಯುವುದು ಬೇರೆ. ಕೂದಲನ್ನು ಎತ್ತರಕ್ಕೆ ಬಿಗಿದು, ರಬ್ಬರ್ ಬ್ಯಾಂಡ್ ಸುತ್ತಿ, ಅದರ ಬುಡಕ್ಕೇ ಚೌರಿ ಸಿಕ್ಕಿಸಿ, ಪಿನ್ನಿನ ಮೇಲೆ ಪಿನ್ನು ಚುಚ್ಚಿ, ಮೇಲೆ ಮೊಳಗಟ್ಟಲೆ ಹಡಗಲಿ ಮಲ್ಲಿಗೆ. ಎಲ್ಲ ಭಾರ ನೆತ್ತಿಯ ಸುತ್ತ, ಅಂದರೆ ಬೇರು ಮೊದಲೇ ಸೋತ ಜಾಗದಲ್ಲಿ. ದಿನವೂ ಹೀಗೆ ಬಿಗಿದರೆ ಎಳೆತದಿಂದಲೇ ಕೂದಲು ಹೋಗುತ್ತದೆ, ಹಣೆಯಂಚು, ಕಿವಿಯ ಮೇಲ್ಭಾಗ ಬೋಳಾಗುತ್ತವೆ. ಮುಟ್ಟು ನಿಂತದ್ದರಿಂದ ಹಣೆಯಂಚಿನ ಕೂದಲು ಸಾಮಾನ್ಯವಾಗಿ ಹೋಗುವುದಿಲ್ಲವಾದ್ದರಿಂದ, ಅಲ್ಲಿ ಬೋಳು ಕಂಡರೆ ಕಟ್ಟಿದ ಕೈಯನ್ನೂ ವಿಚಾರಿಸಬೇಕು. ಚೌರಿಯಿಂದ ಕೂದಲು ಉದುರಿತು ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಬಿಗಿತ. ಮಲ್ಲಿಗೆ ಮುಡಿಯುವವರಿಗೂ ಅದೇ ಮಾತು: ದಂಡೆಯನ್ನು ಹೆರಳಿನ ಹೆಣಿಗೆಯೊಳಗೆ ಸುತ್ತಿ ಕಟ್ಟಬೇಕು, ನೆತ್ತಿಯ ಕೂದಲಿಗೆ ಪಿನ್ನಿನಿಂದ ನೇತು ಹಾಕಬಾರದು.

ಇಲ್ಲಿ ಎರಡು ಗುಂಪಿನವರ ಜೊತೆ ಮಾತಾಡದೆ ಮುಂದೆ ಹೋಗಲಾರೆ. ಒಂದು ಗುಂಪು, ಚೌರಿ ಗಂಡಸಿನ ಕಣ್ಣಿಗಾಗಿ ಹೊರುವ ಹೊರೆ, ಕತ್ತರಿಸಿ ಗಿಡ್ಡ ಮಾಡಿಕೊಳ್ಳಿ, ಬಿಡುಗಡೆಯಾಗಿ ಎಂದು ಬರೆಯುತ್ತದೆ. ಬೆಂಗಳೂರಿನಲ್ಲಿ ಹಾಗೆ ಕತ್ತರಿಸಿಕೊಂಡು ಹಾಯಾಗಿರುವವರನ್ನು ನಾನು ಬಲ್ಲೆ, ಅವರ ಮಾತಿನಲ್ಲಿ ಸುಳ್ಳಿಲ್ಲ. ಹಗರಿಬೊಮ್ಮನಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಐವತ್ತರ ಹೆಂಗಸು ಕೂದಲು ಕತ್ತರಿಸಿಕೊಂಡರೆ ಊರು ಕೇಳುವ ಮೊದಲ ಪ್ರಶ್ನೆ “ಏನು ರೋಗ?” ಎರಡನೆಯದು “ಯಾವ ದೇವರಿಗೆ ಮುಡಿ ಕೊಟ್ಟಿ?” ಈ ಎರಡಕ್ಕೂ ದಿನಾ ಉತ್ತರ ಹೇಳುವುದು ಬಿಡುಗಡೆಯಲ್ಲ. ಅವಳು ಚೌರಿ ಕಟ್ಟುವುದು ಯಾವ ಗಂಡಸನ್ನೂ ಮೆಚ್ಚಿಸಲು ಅಲ್ಲ, ಊರಿನ ಬಾಯಿಗೆ ಸಿಗದೆ ತನ್ನ ಕೆಲಸ ತಾನು ಮಾಡಲು. ಅಕ್ಕನ ಕೂದಲಿನ ಮೇಲೆ ಅಷ್ಟು ಸೂಕ್ಷ್ಮವಾಗಿ ಬರೆಯಬಲ್ಲವರು ಪಕ್ಕದ ಮನೆಯ ಅಕ್ಕನ ವಿಷಯಕ್ಕೆ ಬಂದಾಗ ಒಂದೇ ವಾಕ್ಯದಲ್ಲಿ ಅಪ್ಪಣೆ ಕೊಟ್ಟುಬಿಡುವುದು ನನಗೆ ನೋವಿನ ಸಂಗತಿ.

ಇನ್ನೊಂದು ಗುಂಪು ಆರೋಗ್ಯ ಅಂಕಣದವರದು. ವಯಸ್ಸಿಗೆ ತಕ್ಕಂತೆ ಸಹಜ, ಸಮತೋಲಿತ ಆಹಾರ ತೆಗೆದುಕೊಳ್ಳಿ, ಒತ್ತಡ ಕಡಿಮೆ ಮಾಡಿ, ಧ್ಯಾನ ಮಾಡಿ. ಸಹಜ ಎನ್ನುವ ಮಾತಿನ ಕೆಳಗೆ ಎಷ್ಟೊಂದು ಮುಚ್ಚಿಹೋಗುತ್ತದೆ! ರಕ್ತಹೀನತೆ ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನರಿಗಿದೆ. ಮುಟ್ಟು ನಿಲ್ಲುವ ಮೊದಲಿನ ಎರಡು ಮೂರು ವರ್ಷ ಹಲವರಿಗೆ ಸ್ರಾವ ವಿಪರೀತವಾಗಿ ಮೈಯಲ್ಲಿದ್ದ ಕಬ್ಬಿಣವೂ ಹೋಗಿರುತ್ತದೆ. ಕೆಲವರಿಗೆ ಥೈರಾಯಿಡ್ ಇದೇ ವಯಸ್ಸಿನಲ್ಲಿ ಕೈಕೊಡುತ್ತದೆ. ಚಿಕುನ್‌ಗುನ್ಯಾ, ಡೆಂಗಿ ಬಂದು ಹೋದ ಎರಡು ಮೂರು ತಿಂಗಳಿಗೆ ಕೂದಲು ಹಿಡಿಗಟ್ಟಲೆ ಉದುರಿ ಮತ್ತೆ ಬರುವುದೂ ಉಂಟು. ಕಬ್ಬಿಣದ ಕೊರತೆಗೂ ಥೈರಾಯಿಡಿಗೂ ಮದ್ದು ಇದೆ.

ಗರ್ಭಕೋಶ ತೆಗೆಸಿಕೊಂಡವರ ಮಾತು ಇನ್ನೂ ಗಂಭೀರ. ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು ಬೇಕಿಲ್ಲದಿದ್ದರೂ ತೆಗೆದ ಹಗರಣ 2015ರಲ್ಲಿ ಬಯಲಾಯಿತು. ಇಂಥ ಶಸ್ತ್ರಚಿಕಿತ್ಸೆಗೆ ಕಡಿವಾಣ ಹಾಕುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2023ರಲ್ಲಿ. ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ಮೆಟ್ಟಿಲಿಳಿದು ಬರುವುದಿಲ್ಲ, ಒಂದೇ ದಿನಕ್ಕೆ ಕುಸಿಯುತ್ತದೆ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47. ಮೂವತ್ತೈದಕ್ಕೇ ಆ ಸ್ಥಿತಿಗೆ ದೂಡಿಸಿಕೊಂಡವಳ ಕೂದಲು ಉದುರಿದರೆ ಅದನ್ನು ಸಹಜ ಅನ್ನಲು ಯಾರಿಗೂ ಬಾಯಿ ಬರಬಾರದು. ಮೂಳೆ ಸವೆಯುವ ಭಯವೂ ಅವಳಿಗೆ ಅಷ್ಟೇ ಬೇಗ ಬರುತ್ತದೆ.

ಚೌರಿಯ ದೊಡ್ಡ ದೋಷ ಕಾಣುವುದು ಇಲ್ಲಿಯೇ, ಅದನ್ನು ನಾನು ಮರೆಮಾಚುವುದಿಲ್ಲ. ಕಾರಣ ಕೇಳದ ಅದರ ಗುಣ ಜಾತ್ರೆಯಲ್ಲಿ ಸೌಜನ್ಯ, ಮೈಯ ವಿಷಯದಲ್ಲಿ ಅಪಾಯ. ಚೌರಿ ಕೊಳ್ಳುವ ದುಡ್ಡಿನ ಜೊತೆಗೆ ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹ ಹೇಳುವ ಫೆರಿಟಿನ್, ಥೈರಾಯಿಡಿನ ಟಿಎಸ್‌ಎಚ್ ಪರೀಕ್ಷೆಗೂ ದುಡ್ಡು ತೆಗೆದಿಡಬೇಕು. ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿಬರಲು ಒಂದು ದಿನದ ಕೂಲಿ ಹೋಗುತ್ತದೆ, ಹೋದರೂ ಹೋಗಬೇಕು. ಅಲ್ಲಿ ಬರೆದುಕೊಡುವ ಮಿನಾಕ್ಸಿಡಿಲ್ ಹೆಂಗಸರ ಬಳಕೆಗೆ ಅಮೆರಿಕದಲ್ಲಿ 1991ರಲ್ಲೇ ಒಪ್ಪಿಗೆ ಪಡೆದ ಔಷಧ. ಮೊದಲ ಕೆಲವು ವಾರ ಕೂದಲು ಇನ್ನಷ್ಟು ಉದುರಿದಂತೆ ಕಂಡು, ನಾಲ್ಕಾರು ತಿಂಗಳಿಗೆ ಗುಣ ತೋರಿಸುತ್ತದೆ. ಬಿಟ್ಟರೆ ಗಳಿಸಿದ್ದು ಹೋಗುತ್ತದೆ. ಈ ಮೊದಲ ವಾರಗಳ ಮಾತನ್ನು ಬರೆದುಕೊಡುವವರು ಹೇಳದೆ ಬಿಡುವುದರಿಂದ ಎಷ್ಟೋ ಜನ ಎರಡನೇ ತಿಂಗಳಿಗೇ ಬಾಟಲಿ ಬಿಸಾಕಿ ಎಣ್ಣೆಗೆ ಮರಳುತ್ತಾರೆ. ಔಷಧ ಗುಣ ತೋರಿಸುವವರೆಗೆ ಚೌರಿ ಇರಲಿ. ತೋರಿಸದಿದ್ದರೂ ಇರಲಿ.

ಯಾವ ಚೌರಿ ಎಂಬುದಕ್ಕೂ ಬೆಲೆ ಕಟ್ಟಬೇಕು. ನೈಲಾನ್ ಚೌರಿ ಅಗ್ಗ, ಆದರೆ ಬಿಸಿಲಲ್ಲಿ ಬೇರೆಯಾಗಿ ಮಿನುಗುತ್ತದೆ, ಎಣ್ಣೆ ಹೀರದೆ ಜಾರುತ್ತದೆ, ಜಾರದಂತೆ ಬಿಗಿಯಬೇಕಾಗುತ್ತದೆ. ಬಿಗಿದರೆ ಆಗುವುದೇನೆಂದು ಮೇಲೆ ಹೇಳಿದ್ದೇನೆ. ನಿಜ ಕೂದಲಿನ ಚೌರಿ ಬೇರೆಯೇ. ಬೀದಿಯಲ್ಲಿ ಕೂಗಿ, ಉದುರಿದ ಕೂದಲಿನ ಉಂಡೆ ಪಡೆದು, ಸ್ಟೀಲ್ ಬಟ್ಟಲೋ ಪಿನ್ನೋ ಕೊಟ್ಟು ಹೋಗುವವರ ಚೀಲದಿಂದ ಅದು ಹೊರಡುತ್ತದೆ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರ ಈ ವ್ಯಾಪಾರದ ದೊಡ್ಡ ಕೇಂದ್ರ. ಉಂಡೆ ಬಿಡಿಸಿ, ಸಿಕ್ಕು ತೆಗೆದು, ಉದ್ದದ ಪ್ರಕಾರ ವಿಂಗಡಿಸುವುದು ಕೈಗೆಲಸ, ಅದರಲ್ಲಿ ಹೆಚ್ಚಿನದು ಹೆಂಗಸರ ಕೈ. ಉದುರಿದ ಕೂದಲಿನಲ್ಲಿ ಬುಡ-ತುದಿ ಕಲೆತಿರುತ್ತದೆ. ಎಳೆಯ ಮೇಲಿನ ಪೊರೆ ಒಂದೇ ದಿಕ್ಕಿಗೆ ಬರದಿದ್ದರೆ ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಸಿಕ್ಕಾಗುತ್ತದೆ. ಕೊಳ್ಳುವಾಗ ಎರಡು ಬೆರಳ ನಡುವೆ ಒಂದಿಷ್ಟು ಎಳೆಗಳನ್ನು ಒಟ್ಟಿಗೆ ಹಿಡಿದು ಮೇಲಿಂದ ಕೆಳಗೊಮ್ಮೆ, ಕೆಳಗಿಂದ ಮೇಲೊಮ್ಮೆ ಸವರಿದರೆ ಒಂದು ಕಡೆ ನುಣುಪು, ಇನ್ನೊಂದು ಕಡೆ ತರಿತರಿ ಅನ್ನಿಸಬೇಕು. ಎರಡೂ ಕಡೆ ತರಿತರಿಯಾದರೆ ಬುಡ-ತುದಿ ಕಲೆತಿದೆ ಎಂದೇ ಅರ್ಥ.

ಹೆರಳೇ ಹಾಕಲಾಗದಷ್ಟು ಕೂದಲು ಹೋದವರಿಗೆ ಚೌರಿ ಒದಗದು. ಕುಣಿಕೆ ಏರಿಸಲು ಎಳೆಯೇ ಇರುವುದಿಲ್ಲ. ಸೆರಗು ಹೊದೆಯದ ಶಾಲೆಯ ಟೀಚರಮ್ಮನಿಗೂ, ಬ್ಯಾಂಕಿನ ಕೌಂಟರಿನ ಹಿಂದೆ ಕೂರುವವಳಿಗೂ ಅದು ಅರ್ಧ ಉತ್ತರ ಮಾತ್ರ. ಅವರಿಗೆ ಬೇಕಾದದ್ದು ನೆತ್ತಿಯ ಮೇಲೆ ಕೂರುವ ಸಣ್ಣ ಬಲೆಗೆ ಒಂದೊಂದೇ ಎಳೆ ಗಂಟು ಹಾಕಿ ಮಾಡಿದ ಟಾಪರ್. ಭಾರತದ ಕೂದಲು ಚೀನಾದ ಶುಚಾಂಗಿಗೆ ಹೋಗಿ ಹಾಗೆ ವಿಗ್ ಆಗಿ, ಟಾಪರ್ ಆಗಿ ಅಮೆರಿಕ, ಯುರೋಪಿನ ಹೆಂಗಸರ ತಲೆ ಸೇರುತ್ತದೆ. ಕಚ್ಚಾ ಕೂದಲಿನ ರಫ್ತಿಗೆ 2022ರಲ್ಲಿ ಕೇಂದ್ರ ಸರ್ಕಾರ ನಿರ್ಬಂಧ ಹಾಕಿತು. ಆ ಕೆಲಸ ಇಲ್ಲಿಯೇ ಆಗಬಹುದು. ಸಿಕ್ಕು ಬಿಡಿಸಬಲ್ಲ ಬೆರಳುಗಳಿಗೆ ಗಂಟು ಹಾಕುವುದು ಕಲಿಸಿದರೆ ಬಾರದ ವಿದ್ಯೆಯಲ್ಲ. ಸದ್ಯಕ್ಕೆ ಹಡಗಲಿಯ ಪೇಟೆಯಲ್ಲಿ ಟಾಪರ್ ಕೇಳಿದರೆ ಅಂಗಡಿಯವರು ಕ್ಲಿಪ್ಪು ತೆಗೆದು ತೋರಿಸುತ್ತಾರೆ.