ಗಂಧರ್ವರ ಗಲ್ಲಾಪೆಟ್ಟಿಗೆ

ಕೊರಿಯದಲ್ಲಿ ಬೀದಿ ರೌಡಿಗೆ ಎರಡು ಹೆಸರಿವೆ. ‘ಕ್ಕಾಂಗ್‌ಪೆ’ ಎಂದರೆ ಬೈಗುಳ. ‘ಗೊಂದಾಲ್’ ಎಂದರೆ ತುಸು ಮರ್ಯಾದೆ. ರೌಡಿ ತನ್ನನ್ನು ಕರೆದುಕೊಳ್ಳುವುದು ಹಾಗೆಯೇ. ಈ ಗೊಂದಾಲ್‌ನ ಬೇರು ಹುಡುಕಿಕೊಂಡು ಹೋದರೆ ಸಿಗುವವನು ನಮ್ಮ ಗಂಧರ್ವ! ಬೌದ್ಧ ಗ್ರಂಥಗಳ ಜೊತೆ ಚೀನಕ್ಕೆ ಹೋಗಿ, ಅಲ್ಲಿಂದ ಕೊರಿಯಕ್ಕೆ ‘ಗೊಂದಾಲ್ಬಾ’ ಆಗಿ ದಾಟಿದ. ದುಡಿಮೆಯಿಲ್ಲ, ಪರಿಮಳವೇ ಊಟ, ಹಾಡೇ ಕೆಲಸ. ಅಂಥವನನ್ನು ಜನ ಮೊದಲು ಸೋಮಾರಿ ಎಂದರು, ಆಮೇಲೆ ಪುಂಡ ಎಂದರು. ನಮ್ಮಲ್ಲಿ ಯಕ್ಷಗಾನದ ರಂಗದಲ್ಲೇ ಉಳಿದವನು ಅಲ್ಲಿ ಬೀದಿಗೆ ಇಳಿದ.

ಇನ್ನೊಂದು ಪದವೂ ಇದೆ, ಅದರ ರುಚಿಯೇ ಬೇರೆ. ಯೂನ್ ಜೊಂಗ್-ಬಿನ್ ನಿರ್ದೇಶನದ ‘ನೇಮ್‌ಲೆಸ್ ಗ್ಯಾಂಗ್‌ಸ್ಟರ್’ (2012) ಚಿತ್ರದಲ್ಲಿ ಚೋಯ್ ಮಿನ್-ಶಿಕ್ ಬೂಸಾನ್ ಬಂದರಿನ ಲಂಚಕೋರ ಕಸ್ಟಮ್ಸ್ ನೌಕರ. ಕೆಲಸ ಹೋಗುವ ಹೊತ್ತಿಗೆ ದೂರದ ಬಂಧುವಾದ ರೌಡಿಯೊಬ್ಬನಿಗೆ ಗಂಟುಬೀಳುತ್ತಾನೆ. ಹೊಡೆಯಲು ಧೈರ್ಯವಿಲ್ಲ, ಸುಮ್ಮನಿರಲು ಮನಸ್ಸಿಲ್ಲ. ಅವನಿಗೆ ಸಿಗುವ ಬಿರುದು ‘ಬಾಂದಾಲ್’. ಅರೆ ಗೊಂದಾಲ್ ಎಂದೂ ಆಗುತ್ತದೆ, ಅರ್ಧಚಂದ್ರ ಎಂದೂ ಆಗುತ್ತದೆ. (ನಮ್ಮಲ್ಲಿ ಅರ್ಧಚಂದ್ರ ಪ್ರಯೋಗವೆಂದರೆ ಕತ್ತು ಹಿಡಿದು ಹೊರದಬ್ಬುವುದು. ಈ ಮನುಷ್ಯನಿಗೆ ಅದೂ ಆಗುತ್ತದೆ.) ಕೊರಿಯದ ರೌಡಿ ಚಿತ್ರಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಅಲ್ಲಿ ಪೂರ್ಣ ರೌಡಿಗಿಂತ ಈ ಅರ್ಧಚಂದ್ರನೇ ರಸವತ್ತಾದ ಪಾತ್ರ. ಯಾಕೆಂದರೆ ಅಲ್ಲಿಯ ಚಿತ್ರರಂಗದ ಒಂದು ಬೇರು ಅರ್ಧಚಂದ್ರರ ಮಣ್ಣಿನಲ್ಲೇ ಇದೆ.

ಇಮ್ ಹ್ವಾ-ಸು ಎಂಬವನ ಕತೆ ಕೇಳಿ. 1950ರ ದಶಕದ ಸೋಲ್. ಅಧ್ಯಕ್ಷ ಸಿಂಗ್‌ಮನ್ ರೀ ಅವರ ಲಿಬರಲ್ ಪಕ್ಷಕ್ಕೆ ಬೀದಿಯಲ್ಲಿ ದೊಣ್ಣೆ ಬೀಸುವ ಪಡೆ ಬೇಕಿತ್ತು. ಆ ಪಡೆಯ ದಾದಾಗಳಲ್ಲಿ ಒಬ್ಬನಾದ ಇಮ್, ಪ್ಯೋಂಗ್‌ಹ್ವಾ ಎಂಬ ಚಿತ್ರಮಂದಿರದ ಒಡೆಯ. ಆಮೇಲೆ ಚಿತ್ರ ನಿರ್ಮಾಪಕ. ತಾರೆಯರನ್ನು ಚುನಾವಣೆಯ ವೇದಿಕೆಗೆ ಅಟ್ಟುವುದು ಅವನ ಕೆಲಸ. 1959ರಲ್ಲಿ ಜನಪ್ರಿಯ ಹಾಸ್ಯನಟ ಕಿಮ್ ಹುಯಿ-ಗಾಪ್ ಅವರನ್ನು ಒದ್ದು ಪಕ್ಕೆಲುಬು ಮುರಿದ. ಅದೇ ವರ್ಷ ಅಧ್ಯಕ್ಷರ ಯೌವನವನ್ನು ಹಾಡಿ ಹೊಗಳುವ ಚಿತ್ರವೊಂದನ್ನು ತಯಾರಿಸಿದ. ಮರುವರ್ಷ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳು ದಂಗೆಯೆದ್ದರು, ರೀ ದೇಶ ಬಿಟ್ಟರು. 1961ರಲ್ಲಿ ಪಾರ್ಕ್ ಚುಂಗ್-ಹೀ ಸೇನೆಯೊಂದಿಗೆ ಅಧಿಕಾರ ಹಿಡಿದಾಗ ದಾದಾಗಳನ್ನು ಸೋಲ್‌ನ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿದರು. ಆ ವರ್ಷದ ಕೊನೆಗೆ ಇಮ್ ಗಲ್ಲಿಗೇರಿದ.

ಈ ಲೋಕವನ್ನು ಪರದೆಗೆ ತಂದವರಲ್ಲಿ ಹಿರಿಯರು ಇಮ್ ಕ್ವಾನ್-ತೇಕ್. (ಮನೆತನದ ಹೆಸರು ಒಂದೇ, ನಂಟಿಲ್ಲ.) ಕೊರಿಯ ಯುದ್ಧದ ಕಾಲದಲ್ಲಿ ಮನೆ ಬಿಟ್ಟು ಬೂಸಾನ್‌ಗೆ ಹೋಗಿ ಕೂಲಿ ಮಾಡಿ, ಅಮೆರಿಕನ್ ಸೈನಿಕರ ಹಳೆಯ ಬೂಟುಗಳ ವ್ಯಾಪಾರಕ್ಕೆ ಕೈಹಾಕಿ, ಆ ಬೂಟಿನ ದಾರಿಯಲ್ಲೇ ಸಿನಿಮಾಕ್ಕೆ ಬಂದವರು. 1962ರಲ್ಲಿ ಮೊದಲ ಚಿತ್ರ. ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು 50! ವಿದೇಶಿ ಚಿತ್ರ ತರಿಸಿಕೊಳ್ಳುವ ಪರವಾನಗಿ ಬೇಕಾದರೆ ಕಂಪನಿಗಳು ಇಷ್ಟು ಸ್ವದೇಶಿ ಚಿತ್ರ ಮಾಡಲೇಬೇಕೆಂಬ ಕಾನೂನಿತ್ತು. ಲಾಭವೆಲ್ಲ ಹಾಲಿವುಡ್ ರೀಲಿನಲ್ಲಿ. ಸ್ವದೇಶಿ ಚಿತ್ರ ಲೆಕ್ಕ ಭರ್ತಿಗೆ. ಆ ಭರ್ತಿಯ ಚಿತ್ರಗಳನ್ನು ನೆನೆದರೆ ಅವರಿಗೇ ಮುಜುಗರ.

1990ರಲ್ಲಿ ನಿರ್ಮಾಪಕ ಲೀ ತೇ-ವಾನ್ ಅವರಿಗಾಗಿ ಇಮ್ ‘ದಿ ಜನರಲ್ಸ್ ಸನ್’ ಮಾಡಿದರು. ಕಥಾನಾಯಕ ನಿಜವಾಗಿ ಇದ್ದವನು: ಸ್ವಾತಂತ್ರ್ಯ ಹೋರಾಟದ ಸೇನಾನಿ ಕಿಮ್ ಜ್ವಾ-ಜಿನ್ ಅವರ ಮಗನೆಂದು ಹೆಸರಾದ ಕಿಮ್ ದು-ಹಾನ್. ಜಪಾನಿ ಆಳ್ವಿಕೆಯ ಸೋಲ್‌ನಲ್ಲಿ ಜೊಂಗ್ನೊ ಬೀದಿಯ ಕೊರಿಯನ್ ಹುಡುಗರಿಗೂ ಹಯಾಶಿಯ ಯಾಕುಜಾ ಪಡೆಗೂ ಜಟಾಪಟಿ. ಗಮನಿಸಿ, ಹುಡುಗರ ಅಡ್ಡೆ ಇರುವುದು ಒಂದು ಟಾಕೀಸಿನಲ್ಲಿ, ಉಮಿಗ್ವಾನ್‌ನಲ್ಲಿ. ಮುಖ್ಯ ಪಾತ್ರಗಳಿಗೆಲ್ಲ ಹೊಸ ಮುಖಗಳು. ಸಣ್ಣ ಪಾತ್ರದಲ್ಲಿ ಕಾಣಿಸುವ ಹುಡುಗ ಹ್ವಾಂಗ್ ಜಂಗ್-ಮಿನ್. 23 ವರ್ಷಗಳ ಬಳಿಕ ‘ನ್ಯೂ ವರ್ಲ್ಡ್’ನಲ್ಲಿ ಚಪ್ಪಲಿ ಮೆಟ್ಟಿಕೊಂಡು ವಿಮಾನ ನಿಲ್ದಾಣಕ್ಕೆ ಬಂದಿಳಿಯುವ ಡಾನ್ ಇವನೇ. ‘ದಿ ಜನರಲ್ಸ್ ಸನ್’ ಚಿತ್ರವನ್ನು ಸೋಲ್ ಒಂದರಲ್ಲೇ 6.5 ಲಕ್ಷಕ್ಕೂ ಹೆಚ್ಚು ಜನ ನೋಡಿ ಹಳೆಯ ದಾಖಲೆ ಮುರಿದರು. ಎರಡು ಮುಂದುವರಿಕೆಗಳೂ ಬಂದವು. ಗಲ್ಲಾಪೆಟ್ಟಿಗೆಗೆ ಬೆನ್ನು ಹಾಕಿ 1993ರಲ್ಲಿ ಇಮ್ ಪಾನ್ಸೊರಿ ಹಾಡುಗಾರರ ‘ಸೋಪ್ಯೊಂಜೆ’ ಮಾಡಲು ಧೈರ್ಯ ಕೊಟ್ಟಿದ್ದು ಈ ರೌಡಿ ದುಡ್ಡೇ ಇರಬೇಕು. ತಮಾಷೆಯೆಂದರೆ ಸೋಲ್‌ನಲ್ಲಿ 10 ಲಕ್ಷ ಪ್ರೇಕ್ಷಕರನ್ನು ದಾಟಿದ ಮೊದಲ ಕೊರಿಯನ್ ಚಿತ್ರ ಅದೇ ಆಯಿತು. ಗಂಧರ್ವ ಕೊನೆಗೂ ಹಾಡಿದ.

ಆದರೂ ‘ದಿ ಜನರಲ್ಸ್ ಸನ್’ ನನಗೆ ಪೂರ್ತಿ ಒಗ್ಗುವುದಿಲ್ಲ. ಹೊಡೆದಾಟ ಸೊಗಸು; ಬಂದೂಕಿಲ್ಲ, ಮುಷ್ಟಿ, ಒದೆ, ಮೈಭಾರ ಅಷ್ಟೆ. ಆದರೆ ಕಿಮ್ ದು-ಹಾನ್‌ನ ಮುಂದಿನ ಬದುಕು ಅಲ್ಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ ಆತ ಕಮ್ಯುನಿಸ್ಟರ ಮೇಲೆ ಮುಗಿಬಿದ್ದ ಬಲಪಂಥೀಯ ದಳಗಳ ಮುಂದಾಳು, ಆಮೇಲೆ ಸಂಸದ. 1966ರಲ್ಲಿ ಸ್ಯಾಕರಿನ್ ಕಳ್ಳಸಾಗಣೆಯ ಹಗರಣದ ಚರ್ಚೆ ನಡೆಯುವಾಗ ಸದನದೊಳಗೆ ಮಂತ್ರಿಗಳ ಮೇಲೆ ಮಲ ಎರಚಿದ. ಇಂಥ ದೃಶ್ಯವನ್ನು ಯಾವ ಚಿತ್ರಕಥೆಗಾರ ಬಿಟ್ಟಾನು?

ಬಿಟ್ಟಿದ್ದನ್ನು ಇಮ್ 14 ವರ್ಷ ಬಿಟ್ಟು ಬೇರೊಂದು ಬಾಗಿಲಿನಿಂದ ಹಿಡಿದರು. ‘ಲೋ ಲೈಫ್’ (2004) ಅವರ 99ನೇ ಚಿತ್ರ. ನಾಯಕನಿಗೆ ಮಾದರಿ ಬೇರೆ ಯಾರೂ ಅಲ್ಲ, ನಿರ್ಮಾಪಕ ಲೀ ತೇ-ವಾನ್ ಅವರೇ. 1957ರ ಬೀದಿಜಗಳದಿಂದ ಶುರುವಾಗಿ, ರಾಜಕೀಯದ ದೊಣ್ಣೆ ಪಡೆ, ಸಿನಿಮಾ ನಿರ್ಮಾಣ, ಸೆನ್ಸಾರಿನ ಕಾಟ, ಸೇನೆಯ ಗುತ್ತಿಗೆಗೆ ಲಂಚ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಇಲ್ಲಿ ಮುಷ್ಟಿಗೆ ಯಾವ ದೇಶಭಕ್ತಿಯ ಹೊದಿಕೆಯೂ ಇಲ್ಲ. ನಿರ್ದೇಶಕ, ನಿರ್ಮಾಪಕ ಇಬ್ಬರೂ ಕೂಡಿ ತಾವೇ ಕಟ್ಟಿದ ಗುಡಿಯ ಮುಂದೆ ನಿಂತು ಇಟ್ಟಿಗೆ ಎಣಿಸಿದ ಹಾಗಿದೆ. ಅವಸರದ ಚಿತ್ರ, ಘಟನೆಗಳು ಒಂದರ ಮೇಲೊಂದು ಬೀಳುತ್ತವೆ. ಆದರೂ ನನ್ನ ಓಟು ಇದಕ್ಕೆ.

ಇವುಗಳಿಗೆಲ್ಲ ಅಜ್ಜಿಯಂತಿರುವ ಒಂದು ಕಪ್ಪು-ಬಿಳುಪು ಚಿತ್ರವನ್ನು ಮೊದಲು ನೋಡಿ: ಶಿನ್ ಸಾಂಗ್-ಓಕ್ ನಿರ್ದೇಶನದ ‘ಎ ಫ್ಲವರ್ ಇನ್ ಹೆಲ್’ (1958). ಕೊರಿಯನ್ ಫಿಲ್ಮ್ ಆರ್ಕೈವ್‌ನವರು ಯೂಟ್ಯೂಬ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಅಮೆರಿಕನ್ ನೆಲೆಯ ಸುತ್ತ ಕಳ್ಳಮಾಲಿನ ಗುಂಪು, ಅಣ್ಣತಮ್ಮಂದಿರ ನಡುವೆ ಸೋನಿಯಾ ಎಂಬ ಹೆಣ್ಣು. ಆ ಪಾತ್ರದಲ್ಲಿ ಚೋಯ್ ಉನ್-ಹಿ, ನಿರ್ದೇಶಕರ ಹೆಂಡತಿ. ಮುಂದೆ 1978ರಲ್ಲಿ ಈ ಇಬ್ಬರನ್ನೂ ಉತ್ತರ ಕೊರಿಯ ಅಪಹರಿಸಿತು, 1986ರಲ್ಲಿ ವಿಯೆನ್ನಾದಲ್ಲಿ ತಪ್ಪಿಸಿಕೊಂಡರು; ಅದು ಇನ್ನೊಂದು ವಾರದ ಮಾತು. ಮೇಲೆ ಹೇಳಿದ ದಾದಾ ಇಮ್ ಹ್ವಾ-ಸುನ ಆ ಹೊಗಳಿಕೆಯ ಚಿತ್ರವನ್ನು 1959ರಲ್ಲಿ ನಿರ್ದೇಶಿಸಿದವರೂ ಇದೇ ಶಿನ್. ಅದಕ್ಕೆ ಒಂದು ವರ್ಷ ಮೊದಲು ಅವರು ತೆಗೆದ ‘ಎ ಫ್ಲವರ್ ಇನ್ ಹೆಲ್’ನ ಕೊನೆಯ ದೃಶ್ಯದಲ್ಲಿ ಗುಂಪಿನ ನಾಯಕನೂ ಸೋನಿಯಾಳೂ ಮೊಣಕಾಲುದ್ದ ಕೆಸರಲ್ಲಿ ಎದ್ದು ಬಿದ್ದು ಒದ್ದಾಡುತ್ತಾರೆ. ಒಂದು ಹೊತ್ತಿನ ಮೇಲೆ ಯಾವುದು ಕೆಸರು, ಯಾವುದು ಮೈ ಎಂದೇ ಗೊತ್ತಾಗುವುದಿಲ್ಲ.