ಕಾಯುವ ತಂಡ, ಕಾಯುವ ಜನ

2020ರ ಮಾರ್ಚ್ 8, ಭಾನುವಾರ. ಹೋಳಿ ಹುಣ್ಣಿಮೆಗೆಂದು ಬೆಂಗಳೂರಿನಿಂದ ಕಕ್ಕೇರಾಕ್ಕೆ ಬಂದಿದ್ದೆ. ಮನೆಯ ಮುಂದಿನ ಕಟ್ಟೆಯ ಮೇಲೆ ಮೊಬೈಲನ್ನು ತಂಬಿಗೆಗೆ ಆನಿಸಿಟ್ಟು ಇಂಡಿಯನ್ ಸೂಪರ್ ಲೀಗಿನ ಸೆಮಿಫೈನಲ್ ನೋಡುತ್ತಿದ್ದೆ. ಕೋಲ್ಕತ್ತದಲ್ಲಿ ಎಟಿಕೆ ಮತ್ತು ಬೆಂಗಳೂರು ಎಫ್‌ಸಿ ನಡುವಿನ ಎರಡನೇ ಪಂದ್ಯ. ವಾರದ ಹಿಂದೆ ಕಂಠೀರವದಲ್ಲಿ ನಮ್ಮವರು 1–0ಯಿಂದ ಗೆದ್ದಿದ್ದರು. ಇವತ್ತು ಐದನೇ ನಿಮಿಷಕ್ಕೇ ಆಶಿಕ್ ಕುರುಣಿಯನ್ ಇನ್ನೊಂದು ಹೊಡೆದ. ಒಟ್ಟು ಲೆಕ್ಕ 2–0. ನಾನು ಆರಾಮಾಗಿ ಕಾಲು ಚಾಚಿದೆ.

ಪಕ್ಕದಲ್ಲಿ ಕಾಕಾ ಇದ್ದ. ಪ್ರಾಯದಲ್ಲಿ ಸುತ್ತಲಿನ ಊರುಗಳ ಕಬಡ್ಡಿ ಟೂರ್ನಿಗಳಲ್ಲಿ ಆಡಿದವ, ಎಡಮೂಲೆಯಲ್ಲಿ ನಿಂತು ರೈಡರ್‌ಗಳ ಕಾಲು ಹಿಡಿಯುವುದರಲ್ಲಿ ಹೆಸರು ಮಾಡಿದವ. ಫುಟ್‌ಬಾಲ್ ಅವನಿಗೆ ಹೊಸದು. ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಕೇಳಿದ:

"ಯಾಕೋ ತಮ್ಮಾ, ಗೋಲ್ ಹೊಡದ ಮ್ಯಾಲ ಇವ್ರೆಲ್ಲ ಹಿಂದಕ್ಕ ಯಾಕ ಹ್ವಾದ್ರು?"

"ಕಾಯಾಕತ್ಯಾರ ಕಾಕಾ. ಮುಂದ ಅದಾರಲ್ಲ."

"ಏನ್ ಕಾಯಾಕತ್ಯಾರ? ಗೋಲ್ ಕಾಯಾಕತ್ಯಾರೋ, ಮ್ಯಾಚ್ ಮುಗಿಯೋದು ಕಾಯಾಕತ್ಯಾರೋ?"

ನಗೆ ಬಂತು. 30ನೇ ನಿಮಿಷಕ್ಕೆ ರಾಯ್ ಕೃಷ್ಣ ಒಂದು ಗೋಲು ಹೊಡೆದ. 63ಕ್ಕೆ ಡೇವಿಡ್ ವಿಲಿಯಮ್ಸ್‌ನ ಪೆನಾಲ್ಟಿ, 79ಕ್ಕೆ ಅವನದೇ ಇನ್ನೊಂದು. 3–1. ಎರಡೂ ಪಂದ್ಯ ಸೇರಿ 3–2. ಹಿಂದಿನ ವರ್ಷದ ಚಾಂಪಿಯನ್ನರು ಮನೆಗೆ ಹೊರಟರು. ಕಾಕಾನ ಪ್ರಶ್ನೆ ಮಾತ್ರ ನನ್ನ ಜೊತೆ ಬೆಂಗಳೂರಿಗೆ ಬಂತು.

ನಾನು ಕನ್ನಡ ವಿಮರ್ಶೆಯ ಮೇಲೆ ಸಂಶೋಧನೆ ಮಾಡುವವ. ಜನ ಏನನ್ನಾದರೂ ಮೆಚ್ಚುವಾಗ, ಬೈಯುವಾಗ ಯಾವ ಪದ ಆರಿಸಿಕೊಳ್ಳುತ್ತಾರೆ ಎಂಬುದರ ಮೇಲೇ ನನ್ನ ಕಿವಿ. ಆ ಋತುವಿನಲ್ಲಿ ಕಂಠೀರವದ ಪಶ್ಚಿಮ ಭಾಗದಲ್ಲಿ, 'ವೆಸ್ಟ್ ಬ್ಲಾಕ್ ಬ್ಲೂಸ್' ಅಭಿಮಾನಿಗಳು ನಿಂತು ಹಾಡುವ ಜಾಗದಲ್ಲಿ, ನಾನೂ ಕೆಲವು ಸಲ ನಿಂತಿದ್ದೆ. ಹಾಡು ಜೋರಾಗಿಯೇ ಇರುತ್ತಿತ್ತು. ಆದರೆ ವಿರಾಮದಲ್ಲಿ, ಪಂದ್ಯ ಮುಗಿದು ಮೆಟ್ರೋ ಕಡೆಗೆ ನಡೆಯುವಾಗ ಕೇಳಿಬರುತ್ತಿದ್ದುದು ಒಂದೇ ಜಗಳ. 'ತುಂಬಾ ಡಿಫೆನ್ಸಿವ್ ಆಡ್ತಿದೀವಿ' ಎಂದು ಒಬ್ಬ. 'ಪಾಯಿಂಟ್ ಬರ್ತಿದೆಯಲ್ಲ, ಇನ್ನೇನು ಬೇಕು?' ಎಂದು ಇನ್ನೊಬ್ಬ.

ಇಬ್ಬರ ಕೈಯಲ್ಲೂ ಅಂಕಿಗಳಿದ್ದವು, ಅದೂ ಒಂದೇ ಪಟ್ಟಿಯವು. 2019–20ರ ಲೀಗ್ ಹಂತದ 18 ಪಂದ್ಯಗಳಲ್ಲಿ ಬೆಂಗಳೂರು ಬಿಟ್ಟುಕೊಟ್ಟದ್ದು 13 ಗೋಲು. ಇಡೀ ಲೀಗಿನಲ್ಲಿ ಅದೇ ಅತಿ ಕಡಿಮೆ. ಹೊಡೆದದ್ದು 22. ಅದೇ ಹೊತ್ತಿಗೆ ಮೊದಲ ಸ್ಥಾನದ ಗೋವಾ ಹೊಡೆದದ್ದು 46. ಎರಡನೇ ಸ್ಥಾನದ ಎಟಿಕೆ 33. ನಮ್ಮ 22ರಲ್ಲಿ 9 ಸುನಿಲ್ ಛೆಟ್ರಿಯೊಬ್ಬನವು. ಉಳಿದವುಗಳಲ್ಲಿ ಹೆಚ್ಚಿನವು ಕಾರ್ನರ್, ಫ್ರೀ ಕಿಕ್‌ಗಳಿಂದ ಬಂದವು, ಡಿಮಾಸ್ ಡೆಲ್ಗಾಡೊ ಚೆಂಡನ್ನು ತೂಗಿ ಬಿಡುವುದು, ಎತ್ತರದ ಹುವಾನನ್ ಅಥವಾ ಎರಿಕ್ ಪಾರ್ತಾಲು ಅದಕ್ಕೆ ತಲೆ ಕೊಡುವುದು. ಮುಂಚೂಣಿಗೆಂದು ತಂದ ಸ್ಪೇನಿನ ಆಟಗಾರ ಮಾನುಯೆಲ್ ಒನ್ವು ನಮ್ಮಲ್ಲಿ ಮಂಕಾಗಿದ್ದ. ನಡುವೆಯೇ ಒಡಿಶಾಕ್ಕೆ ಎರವಲು ಹೋದವನು ಅಲ್ಲಿ ಗೋಲಿನ ಮೇಲೆ ಗೋಲು ಹೊಡೆಯತೊಡಗಿದ. ಅಭಿಮಾನಿಗಳಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ತಪ್ಪು ಆಟಗಾರನದಲ್ಲ, ಆಡಿಸುವ ರೀತಿಯದು ಎಂದು ತೀರ್ಪು ಕೊಟ್ಟೇ ಬಿಟ್ಟರು.

ಇಲ್ಲಿ ಒಂದು ಒರಟು ಪ್ರಶ್ನೆ ಎದುರಾಗುತ್ತದೆ. ಗೆದ್ದಾಗ ಈ ವಿಮರ್ಶಕರು ಎಲ್ಲಿದ್ದರು?

2019ರ ಮಾರ್ಚ್ 17ರಂದು ಮುಂಬೈಯಲ್ಲಿ ಇದೇ ಕೋಚ್ ಕಾರ್ಲೆಸ್ ಕ್ವಾದ್ರತ್ ತಂಡವನ್ನು ಚಾಂಪಿಯನ್ ಮಾಡಿದ್ದ. ಎದುರಿಗೆ ಲೀಗಿನ ಅತ್ಯಂತ ಚಂದದ ಆಟ ಆಡುತ್ತಿದ್ದ ಗೋವಾ. ತೊಂಬತ್ತು ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯದ ಕೊನೆಗೆ, 117ನೇ ನಿಮಿಷಕ್ಕೆ, ಡಿಮಾಸ್ ತೆಗೆದ ಕಾರ್ನರ್‌ಗೆ ರಾಹುಲ್ ಭೇಕೆ ತಲೆ ಕೊಟ್ಟ. 1–0. ಅಂದು ಯಾರೂ 'ಕಾರ್ನರ್‌ನಿಂದ ಗೆದ್ದರು' ಎಂದು ಮುಖ ಸಿಂಡರಿಸಲಿಲ್ಲ. ನಾನೂ ಹಾಸ್ಟೆಲಿನ ಟಿವಿ ರೂಮಿನಲ್ಲಿ ಕುಣಿದವನೇ. ಸೋತ ಮೇಲೆ ಹುಟ್ಟುವ ಸೌಂದರ್ಯಪ್ರಜ್ಞೆಯನ್ನು ಎಷ್ಟು ನಂಬಬೇಕು?

ಸ್ವಲ್ಪವಾದರೂ ನಂಬಬೇಕು ಎಂದು ನನ್ನ ಅನಿಸಿಕೆ. ಗೆಲುವು ಆಟವನ್ನು ಮುಚ್ಚಿಬಿಡುತ್ತದೆ. ಗೆದ್ದ ಪಂದ್ಯವನ್ನು ಯಾರೂ ಎರಡನೇ ಸಲ ಓದುವುದಿಲ್ಲ, ಫಲಿತಾಂಶವೇ ಅದರ ಅರ್ಥವಾಗಿಬಿಡುತ್ತದೆ. ಸೋತಾಗ ಮಾತ್ರ ನೋಡುಗ ಹಿಂದಕ್ಕೆ ಹೋಗಿ, ಆ ತೊಂಬತ್ತು ನಿಮಿಷದಲ್ಲಿ ತಾನು ನಿಜವಾಗಿ ನೋಡಿದ್ದೇನು ಎಂದು ಕೇಳಿಕೊಳ್ಳುತ್ತಾನೆ. ತಡವಾಗಿ ಕೇಳಿದ ಮಾತ್ರಕ್ಕೆ ಪ್ರಶ್ನೆ ಸುಳ್ಳಾಗುವುದಿಲ್ಲ. ನನ್ನ ತಕರಾರು ಇರುವುದು ಅವರು ಬಳಸಿದ ಪದದ ಬಗ್ಗೆ.

'ಡಿಫೆನ್ಸಿವ್' ಎಂಬುದನ್ನು ಪತ್ರಿಕೆಗಳು 'ರಕ್ಷಣಾತ್ಮಕ' ಎಂದು ಮಾಡಿಕೊಂಡಿವೆ. ಆಡುಮಾತಿನಲ್ಲಿ ಯಾರೂ ಹಾಗನ್ನುವುದಿಲ್ಲ. ನಮ್ಮ ಬಾಯಿಗೆ ಬರುವುದು 'ಕಾಯುವುದು'. ಈ ಕ್ರಿಯಾಪದದ ಹೊಟ್ಟೆಯಲ್ಲಿ ಎರಡು ಅರ್ಥಗಳಿವೆ. ಹೊಲ ಕಾಯುತ್ತೇವೆ, ಬಸ್ಸಿಗೂ ಕಾಯುತ್ತೇವೆ. ಮೊದಲನೆಯದರಲ್ಲಿ ಮೈಯೆಲ್ಲ ಎಚ್ಚರ, ಎರಡನೆಯದರಲ್ಲಿ ಬರೀ ಹೊತ್ತು ಕಳೆಯುವುದು. ಕಾಲುವೆಯ ನೀರು ಬಂದು ಭತ್ತ ಬೆಳೆಯುವ ಮೊದಲು ನಮ್ಮ ಕಡೆ ಜೋಳದ ಹೊಲಗಳಲ್ಲಿ ಅಟ್ಟ ಕಟ್ಟಿ ಹಕ್ಕಿ ಕಾಯುತ್ತಿದ್ದುದನ್ನು ಕಾಕಾ ಹೇಳುತ್ತಿರುತ್ತಾನೆ. ತೆನೆ ಹಾಲ್ದುಂಬುವ ಹೊತ್ತಿಗೆ ನಸುಕಿನಲ್ಲೇ ಕವಣಿ ಹಿಡಿದು ಅಟ್ಟ ಹತ್ತಬೇಕು. ಕೂಗಬೇಕು, ಕಲ್ಲು ಬೀಸಬೇಕು, ಹಿಂಡು ಯಾವ ಮೂಲೆಗೆ ಇಳಿಯುತ್ತದೆ ಎಂದು ಮೊದಲೇ ಊಹಿಸಬೇಕು. ಅಟ್ಟದ ಮೇಲೆ ಸುಮ್ಮನೆ ಕುಳಿತು ಹೊತ್ತು ಮುಳುಗುವುದನ್ನು ನೋಡುವವನನ್ನು ಹೊಲ ಕಾಯುವವ ಅನ್ನುವುದಿಲ್ಲ.

ಕೋಲ್ಕತ್ತದ ಆ ರಾತ್ರಿ ನಮ್ಮವರು ಮೊದಲ ಅರ್ಥದಿಂದ ಎರಡನೆಯದಕ್ಕೆ ಯಾವಾಗ ಜಾರಿದರೋ ನನಗೆ ಗೊತ್ತಾಗಲಿಲ್ಲ. ಕಾಕಾನಿಗೆ ಗೊತ್ತಾಯಿತು, ಏಕೆಂದರೆ ಅವನು ಕಬಡ್ಡಿಯವನು. ಕಬಡ್ಡಿಯಲ್ಲಿ ಡಿಫೆನ್ಸ್ ಕೀಳು ಕೆಲಸವಲ್ಲ. ಒಳ್ಳೆಯ ಆಂಕಲ್ ಹೋಲ್ಡಿಗೆ, ಕೈಕೈ ಹಿಡಿದ ಇಬ್ಬರು ರೈಡರ್‌ನನ್ನು ಮುಚ್ಚಿಹಾಕುವ ಚೈನ್‌ಗೆ ಜನ ಎದ್ದುನಿಂತು ಕೂಗುತ್ತಾರೆ. ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ರೈಡರ್‌ನನ್ನು ಹಿಡಿದರೆ ಎರಡು ಪಾಯಿಂಟ್ ಕೊಡುವ ನಿಯಮವೇ ಪ್ರೊ ಕಬಡ್ಡಿಯಲ್ಲಿದೆ. ಆದರೆ ಬರೀ ಹೊತ್ತು ಕಳೆಯುವುದಕ್ಕೆ ಅಲ್ಲಿ ಜಾಗವಿಲ್ಲ. ಸತತ ಎರಡು ರೈಡ್ ಖಾಲಿ ಬಂದರೆ ಮೂರನೆಯದು 'ಡು ಆರ್ ಡೈ': ಪಾಯಿಂಟ್ ತರಬೇಕು, ಇಲ್ಲವೇ ಔಟ್. ಇದನ್ನು ವಿವರಿಸಿ ಕಾಕಾ ಮೊಬೈಲಿನತ್ತ ಕೈ ಮಾಡಿ ಹೇಳಿದ್ದ, "ನಮ್ಮಾಟದಾಗ ಆಗಿದ್ರ ಇಷ್ಟೊತ್ತಿಗೆ ಅರ್ಧ ಮಂದಿ ಹೊರಗ ಕುಂದರ್ತಿದ್ರು."

ಫುಟ್‌ಬಾಲಿಗೂ ಈ ಚಿಂತೆ ಇಲ್ಲವೆಂದಲ್ಲ. 1990ರ ಇಟಲಿ ವಿಶ್ವಕಪ್‌ನಲ್ಲಿ ಪಂದ್ಯಕ್ಕೆ ಸರಾಸರಿ 2.21 ಗೋಲುಗಳಷ್ಟೇ ಬಂದವು. ಮುಂದಿದ್ದ ತಂಡ ಚೆಂಡನ್ನು ಮತ್ತೆ ಮತ್ತೆ ಗೋಲ್‌ಕೀಪರ್ ಕೈಗೆ ಕೊಟ್ಟು ಕಾಲ ತಳ್ಳುತ್ತಿತ್ತು. 1992ರಲ್ಲಿ ನಿಯಮ ಬದಲಾಯಿತು: ತನ್ನವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. 1994ರ ವಿಶ್ವಕಪ್‌ನಲ್ಲಿ ಗೆಲುವಿಗೆ ಎರಡರ ಬದಲು ಮೂರು ಅಂಕ ಬಂತು. ಹಾಗಾಗಿ ಅಭಿಮಾನಿಯ ಗೊಣಗಾಟ ಬರೀ ಬಾಯಿಚಪಲವಲ್ಲ. ಆ ಗೊಣಗಾಟವನ್ನೇ ಆಟದ ಆಡಳಿತಗಾರರು ಆಮೇಲೆ ಕಾನೂನಿನ ಭಾಷೆಗೆ ಇಳಿಸಿಕೊಂಡಿದ್ದಾರೆ.

ಈ ಜಗಳದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬೆಂಗಳೂರಿನ ಪಂದ್ಯವಲ್ಲ, 2019ರ ಜನವರಿ 14ರಂದು ಶಾರ್ಜಾದಲ್ಲಿ ನಡೆದ ಏಷ್ಯನ್ ಕಪ್ ಪಂದ್ಯ. ಎಂಟು ದಿನಗಳ ಹಿಂದಷ್ಟೇ ಭಾರತ ಥಾಯ್ಲೆಂಡನ್ನು 4–1ರಿಂದ ಹೊಡೆದಿತ್ತು. ಛೆಟ್ರಿಯ ಎರಡು ಗೋಲು, ತಂಡದ ಓಟ, ಎಲ್ಲವೂ ಕನಸಿನಂತಿತ್ತು. ನಂತರ ಯುಎಇ ವಿರುದ್ಧ ಸೋಲು. ಕೊನೆಗೆ ಬಹ್ರೇನ್. ಡ್ರಾ ಆದರೆ ಸಾಕು, ಮುಂದಿನ ಸುತ್ತು. ಭಾರತ ಇಡೀ ಸಂಜೆ ಆ ಡ್ರಾಕ್ಕೆ ಕಾಯಿತು. ತನ್ನ ಅರ್ಧದಲ್ಲೇ ಕುಗ್ಗಿ ನಿಂತಿತು, ಬಂದ ಚೆಂಡನ್ನೆಲ್ಲ ದೂರ ಒದ್ದಿತು. ತೊಂಬತ್ತು ನಿಮಿಷ ದಾಟಿದ ಮೇಲೆ ಪೆನಾಲ್ಟಿ ಪ್ರದೇಶದೊಳಗೆ ಒಂದು ಫೌಲ್. ಜಮಾಲ್ ರಶೀದ್ ಹೊಡೆದ. 0–1. ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ಕೂಡಲೇ ರಾಜೀನಾಮೆ ಕೊಟ್ಟ.

ಅಂಥ ಆಟಕ್ಕೆ ಆಗ ಕೇಳಿಬಂದ ಸಮರ್ಥನೆ ಇಂದಿಗೂ ಇದೆ. ನಮ್ಮ ಹುಡುಗರ ಮೈಕಟ್ಟು ಇಷ್ಟೇ, ಕೌಶಲ ಇಷ್ಟೇ, ದೊಡ್ಡವರೆದುರು ತೆರೆದು ಆಡಿದರೆ ಐದು ಗೋಲು ತಿನ್ನುತ್ತೇವೆ, ಇರುವುದನ್ನು ಉಳಿಸಿಕೊಳ್ಳುವುದೇ ಜಾಣತನ. ಇಟಲಿಯ ಪತ್ರಕರ್ತ ಜಾನಿ ಬ್ರೇರಾ ಕಳೆದ ಶತಮಾನದ ನಡುವಿನಲ್ಲೇ ತನ್ನ ಜನರ ಬಗ್ಗೆ ಹೀಗೇ ವಾದಿಸಿದ್ದ. ಇಟಲಿಯವರು ಮೈಯಲ್ಲಿ ಬಲಹೀನರು, ಆದ್ದರಿಂದ ಬಾಗಿಲಿಗೆ ಅಗುಳಿ ಹಾಕುವ ಕತೆನಾಚ್ಚೊ ಆಟವೇ ಅವರಿಗೆ ತಕ್ಕದ್ದು ಎಂಬುದು ಅವನ ನಿಲುವು. ಬ್ರೇರಾ ದೊಡ್ಡ ವಿಮರ್ಶಕ, ಅನುಮಾನವಿಲ್ಲ. ಆದರೂ ಆ ವಾದ ಓದುವಾಗ ನನಗೆ ಮೈ ಉರಿಯುತ್ತದೆ. ಯಾದಗಿರಿ ಜಿಲ್ಲೆಯಿಂದ ಬಂದ ಹುಡುಗರಿಗೆ ಈ ಮಾತು ಬೇರೆ ಬೇರೆ ವೇಷದಲ್ಲಿ ಪರಿಚಿತ. 'ಪಾಸಾದ್ರ ಸಾಕು.' 'ನೌಕರಿ ಸಿಕ್ಕರ ಸಾಕು, ಸಣ್ಣದಾದ್ರೂ ನಡೀತದ.' ಸೋಲದಿದ್ದರೆ ಅದೇ ಗೆಲುವು ಎಂದು ನಮಗೆ ಪ್ರೀತಿಯಿಂದಲೇ ಕಲಿಸಿರುತ್ತಾರೆ. ಹಾಗೆ ಕಲಿಸಿದವರನ್ನು ಬೈಯಲಾರೆ. ಕಳೆದುಕೊಂಡರೆ ಮತ್ತೆ ಎದ್ದು ನಿಲ್ಲಲು ಏನೂ ಇಲ್ಲದವರ ಲೆಕ್ಕಾಚಾರ ಅದು. ಆದರೆ ಅದು ಬಡತನದ ಲೆಕ್ಕಾಚಾರವೇ ಹೊರತು ನಮ್ಮ ಮೈಯ ಗುಣವಲ್ಲ.

ನನ್ನ ಪಿಎಚ್‌.ಡಿ.ಯ ಒಂದು ಅಧ್ಯಾಯವನ್ನು ಮಾರ್ಗದರ್ಶಕರು ಓದಿ ಹಿಂದಿರುಗಿಸಿದಾಗ ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: ಇದರಲ್ಲಿ ನಿಮ್ಮ ಮಾತು ಎಲ್ಲಿದೆ? ನೋಡಿದೆ. ಪ್ರತಿ ವಾಕ್ಯದ ಮುಂದೆಯೂ ಇಬ್ಬರು ಹಿರಿಯ ವಿಮರ್ಶಕರನ್ನು ಕಾವಲಿಗೆ ನಿಲ್ಲಿಸಿದ್ದೆ. ಯಾರೂ ತಪ್ಪು ಹಿಡಿಯಲಾಗದ ನಲವತ್ತು ಪುಟ, ಒಂದೂ ಗೋಲಿಲ್ಲ.

ಹೀಗೆಂದ ಮಾತ್ರಕ್ಕೆ ನಾನು ಪಶ್ಚಿಮ ಭಾಗದ ಗೆಳೆಯರ ಜೊತೆ ಪೂರ್ತಿ ಇದ್ದೇನೆಂದಲ್ಲ. 'ನಮ್ಮ ಕ್ಲಬ್ ಹೀಗಿರಲಿಲ್ಲ' ಎಂಬ ಹಳಹಳಿಕೆ ಅವರಲ್ಲಿ ಜಾಸ್ತಿ. 2016ರ ಅಕ್ಟೋಬರ್ 19ರ ರಾತ್ರಿಯನ್ನು ಎಲ್ಲರೂ ನೆನೆಯುತ್ತಾರೆ. ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ರಾತ್ರಿ, ಹಿಂದೆ ಬಿದ್ದೂ ತಿರುಗಿ ಬಂದ ಪಂದ್ಯ. ಅದು ನಿಜ. ಆದರೆ ಅಂದಿನ ಕೋಚ್ ಆಲ್ಬರ್ಟ್ ರೊಕಾನ ಪಕ್ಕದಲ್ಲಿ ಸಹಾಯಕನಾಗಿ ಕೂತಿದ್ದವನು ಇದೇ ಕ್ವಾದ್ರತ್. ಅದಕ್ಕೂ ಮೊದಲು, 2013–14ರಲ್ಲಿ ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದ ಆಶ್ಲಿ ವೆಸ್ಟ್‌ವುಡ್‌ನ ತಂಡದ ಬಂಡವಾಳವೂ ಓಟ, ಕಸುವು, ಶಿಸ್ತೇ ಹೊರತು ನಯವಾದ ಪಾಸುಗಳಲ್ಲ. ಕಾರ್ನರ್ ಗೋಲನ್ನು ಕೀಳಾಗಿ ನೋಡುವುದೂ ನನಗೆ ಒಪ್ಪಿಗೆಯಿಲ್ಲ. ಡಿಮಾಸ್‌ನ ಕಾರ್ನರ್ ಒಂದು ಕಸುಬು, ನೂರು ಸಲ ತಿದ್ದಿ ಕೈಗೆ ಬಂದದ್ದು. 15 ಗೋಲು ಹೊಡೆದಿದ್ದ ಮಿಕು 2019ರಲ್ಲಿ ಬಿಟ್ಟುಹೋದ ಮೇಲೆ ಆ ಜಾಗ ತುಂಬಲಿಲ್ಲ. ಕೈಯಲ್ಲಿದ್ದುದು ಗಟ್ಟಿ ಬೆನ್ನೆಲುಬು, ಅದನ್ನೇ ಕೋಚ್ ನೆಚ್ಚಿದ. ಅಲ್ಲಿಯವರೆಗೆ ಅವನ ಕಡೆ ನ್ಯಾಯವಿದೆ. ಕಾಯುವುದನ್ನೇ ಬೇರೇನೂ ಮಾಡದಿರುವುದಕ್ಕೆ ನೆಪ ಮಾಡಿಕೊಂಡಲ್ಲಿ ನ್ಯಾಯ ಮುಗಿಯಿತು.

ಮರುವರ್ಷ ಕೊರೊನಾದಿಂದಾಗಿ ಇಡೀ ಲೀಗ್ ಗೋವಾದಲ್ಲಿ, ಖಾಲಿ ಕ್ರೀಡಾಂಗಣಗಳಲ್ಲಿ ನಡೆಯಿತು. ಗೊಣಗಲೂ ಯಾರಿಲ್ಲ. ಹಿಂದಕ್ಕೆ ಸರಿದ ತಂಡಕ್ಕೆ 'ಮುಂದೆ ಹೋಗ್ರೋ' ಎಂದು ಕೂಗುವ ದನಿಯೂ ಇಲ್ಲ. ಡಿಸೆಂಬರ್ ಕೊನೆಗೆ ಎರಡು ಪಂದ್ಯ ಒಂದೂ ಗೋಲು ಹೊಡೆಯದೆ 0–1ರಿಂದ ಸೋತರು, ಜನವರಿ 5ರಂದು ಮುಂಬೈ ಸಿಟಿ ಎದುರು 1–3. ಮರುದಿನ ಕ್ವಾದ್ರತ್ ಹೊರಟ. ಹಂಗಾಮಿಯಾಗಿ ನೌಶಾದ್ ಮೂಸಾ ಬಂದ. ಆದರೂ ತಂಡ ಮುಗಿಸಿದ್ದು ಏಳನೇ ಸ್ಥಾನದಲ್ಲಿ.

ಕ್ವಾದ್ರತ್ ಹೋದ ವಾರ ಕಾಕಾ ಫೋನ್ ಮಾಡಿದ್ದ. ತೊಗರಿ ರಾಶಿಯ ಸುದ್ದಿ ಮುಗಿದ ಮೇಲೆ ಕೇಳಿದ:

"ಆ ನಿಮ್ ಸಾಹೇಬನ್ನ ತಗದ್ರಂತಲ್ಲ?"

"ಹೌದು ಕಾಕಾ."

"ಇನ್ನ ಮುಂದರ ಮುಂದಕ್ಕ ಹೋಗಿ ಆಡ್ತಾರೇನು?"

"ನೋಡ್ಬೇಕು."

"ಅಂದ್ರ ಈಗ ನೀನೂ ಕಾಯಾಕತ್ತಿ ಅನ್ನು" ಎಂದು ನಕ್ಕು ಫೋನಿಟ್ಟ.