ನೆರಳಿಗೆ ಬಣ್ಣ ಹಚ್ಚಬೇಡಿ

ಈ ವಾರ ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಈವಿಲ್’ (1958) ಚಿತ್ರದ ಮೊದಲ ಶಾಟ್ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಬಾಂಬ್ ಹಿಡಿದ ಕೈಯಿಂದ ಶುರುವಾಗಿ, ಅದನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟಿದ್ದು ತೋರಿಸಿ, ಛಾವಣಿಯ ಮೇಲಿಂದ ಹಾದು ಬೀದಿಗಿಳಿದು, ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಎಲ್ಲೂ ಕಟ್ ಆಗದೆ ಮೆಕ್ಸಿಕೊ-ಅಮೆರಿಕ ಗಡಿ ದಾಟುವ ಶಾಟ್ ಅದು. ಗಡಿಯೂರಿನ ಕಥೆಯಾದ್ದರಿಂದ ನಮ್ಮ ಗಡಿಭಾಗದ ಸತ್ತಿಯಲ್ಲಿ ಕೂತು ಬರೆಯುವ ನನಗೆ ಅದರ ಮೇಲೆ ವಿಶೇಷ ಮಮತೆ. ಅಷ್ಟರಲ್ಲಿ ಕಾಗವಾಡದ ಓದುಗರೊಬ್ಬರ ಫೋನ್ ಬಂತು.

“ಸರ, ನಿಮ್ಮ ಅಂಕಣ ಬಿಡದ ಓದ್ತೀನ್ರಿ. ಆದ್ರ ಒಂದ್ ಮಾತು ಕೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಈ ಹಳೇ ಹಾಲಿವುಡ್ಡಿಗೂ ನಮ್ಮ ಸೀಮಿಗೂ ಏನ್ ಸಂಬಂಧ ಐತ್ರಿ?”

ಬೇಸರದ ಮಾತೇ ಇಲ್ಲ. ಸಂಬಂಧ ಇದೆ, ಅದೂ ಗಟ್ಟಿ ಸಂಬಂಧ. ಅದನ್ನು ಹೇಳಲು ಈ ವಾರದ ಜಾಗ ಪೂರ್ತಿ ಬೇಕು.

ಮೊದಲು ಕಬ್ಬಿನ ಹೊಲಕ್ಕೇ ಹೋಗೋಣ. ರಾತ್ರಿ ಪಾಳಿಯ ಕರೆಂಟಿಗೆ ಕಾದು ಕಬ್ಬಿಗೆ ನೀರು ಬಿಡಲು ಹೋದವರಿಗೆ ಗೊತ್ತು, ಬ್ಯಾಟರಿ ಹಚ್ಚುವ ತನಕ ಕತ್ತಲೆಗೆ ಅಂಥ ಅಂಜಿಕೆ ಇರುವುದಿಲ್ಲ. ಹಚ್ಚಿದ ಮೇಲೆ ಬದುವಿನ ನಾಲ್ಕು ಮೊಳ ಕಾಣುತ್ತದೆ, ಎರಡೂ ಕಡೆ ರವದಿ ಬೆಳ್ಳಗೆ ಹೊಳೆಯುತ್ತದೆ, ಆಮೇಲೆ ಅದರಾಚೆ ಏನು ಸರಿದಾಡಿತು ಎಂದು ಎದೆ ಹೊಡೆದುಕೊಳ್ಳುತ್ತದೆ. ಫಿಲ್ಮ್ ನ್ವಾರ್‌ನ, ಅಂದರೆ ಹಳೇ ಹಾಲಿವುಡ್‌ನ ಆ ನೆರಳು ತುಂಬಿದ ಕಪ್ಪುಬಿಳುಪಿನ ಅಪರಾಧ ಚಿತ್ರಗಳ, ಕ್ಯಾಮೆರಾದವರು ಹಿಡಿದದ್ದು ಇದೇ ಗುಟ್ಟು. ಎಲ್ಲಿ ಬೆಳಕು ಬೀಳಬೇಕೆಂದು ಗೆರೆ ಕೊರೆದಂತೆ ನಿರ್ಧರಿಸಿ, ಉಳಿದದ್ದನ್ನು ನೋಡುವವರ ಭಯಕ್ಕೆ ಬಿಟ್ಟರು.

ಬಿಲ್ಲಿ ವೈಲ್ಡರ್‌ನ ‘ಡಬಲ್ ಇಂಡೆಮ್ನಿಟಿ’ (1944) ತೆಗೆದುಕೊಳ್ಳಿ. ನಾನು ಮತ್ತೆ ಮತ್ತೆ ಹೋಗಿ ನಿಲ್ಲುವ ದೃಶ್ಯ ಅದರ ಆರಂಭದಲ್ಲೇ ಇದೆ. ಲಾಸ್ ಏಂಜಲೀಸ್‌ನ ಬಿಸಿಲಿನ ಮಧ್ಯಾಹ್ನ. ವಿಮಾ ಏಜೆಂಟ್ ವಾಲ್ಟರ್ ನೆಫ್ ಒಬ್ಬ ಗಿರಾಕಿಯ ಕಾರಿನ ಪಾಲಿಸಿ ನವೀಕರಿಸಲೆಂದು ಗುಡ್ಡದ ಮೇಲಿನ ಮನೆಗೆ ಬರುತ್ತಾನೆ. ಗಿರಾಕಿ ಇಲ್ಲ, ಹೆಂಡತಿ ಇದ್ದಾಳೆ. ಅವಳು ಬಟ್ಟೆ ಬದಲಿಸಿ ಬರುವ ತನಕ ಇವನು ನಡುಮನೆಯಲ್ಲಿ ಕಾಯಬೇಕು. ಕಿಟಕಿಯ ಪಟ್ಟಿಪರದೆ ಅರ್ಧ ಮುಚ್ಚಿದೆ. ಹೊರಗಿನ ಉರಿಬಿಸಿಲು ಸೀಳಿ ಸೀಳಿ ಒಳಗೆ ಬಂದು ನೆಲದ ಮೇಲೆ, ಗೋಡೆಯ ಮೇಲೆ ಪಟ್ಟೆ ಪಟ್ಟೆಯಾಗಿ ಬಿದ್ದಿದೆ. ಆ ಪಟ್ಟೆಗಳಲ್ಲಿ ಧೂಳು ತೇಲುತ್ತಿದೆ. ಆಮೇಲೆ ಮೆಟ್ಟಿಲ ಮೇಲಿಂದ ಎರಡು ಕಾಲು ಇಳಿದು ಬರುತ್ತವೆ, ಒಂದು ಕಾಲಿಗೆ ಸಣ್ಣ ಚೈನು. ಕೊಲೆಯ ಮಾತು ಇನ್ನೂ ಯಾರ ಬಾಯಿಗೂ ಬಂದಿಲ್ಲ. ಆದರೂ ಆ ಮನೆಯಲ್ಲಿ ಗಾಳಿಯೇ ಕೆಟ್ಟಿದೆ ಎಂದು ನಮಗೆ ಗೊತ್ತಾಗಿಹೋಗುತ್ತದೆ. ಹೇಳಿದ್ದು ಆ ಧೂಳು. ಕ್ಯಾಮೆರಾದ ಜಾನ್ ಸೈಟ್ಸ್ ಅದು ಕಾಣಲೆಂದು ಗಾಳಿಯಲ್ಲಿ ಸಣ್ಣ ಅಲ್ಯುಮಿನಿಯಂ ಪುಡಿ ಹಾರಿಸಿದ್ದ. ನಿಜವಾದ ಧೂಳು ಫಿಲ್ಮಿಗೆ ಸಿಗುವಷ್ಟು ಹೊಳೆಯುವುದಿಲ್ಲ. ಏಳು ಆಸ್ಕರ್ ನಾಮನಿರ್ದೇಶನ ಪಡೆದ ಆ ಚಿತ್ರಕ್ಕೆ ಒಂದೂ ಪ್ರಶಸ್ತಿ ಬರಲಿಲ್ಲ.

ಈ ವಿದ್ಯೆ ಹಾಲಿವುಡ್‌ನದೇ ಸ್ವಂತದ್ದಲ್ಲ. ವೈಲ್ಡರ್ ಬರ್ಲಿನ್‌ನಲ್ಲಿ ಚಿತ್ರಕಥೆ ಬರೆಯುತ್ತಿದ್ದ ಯಹೂದಿ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಊರು ಬಿಟ್ಟ. ಫ್ರಿಟ್ಜ್ ಲಾಂಗ್, ರಾಬರ್ಟ್ ಸಿಯೋಡ್ಮಾಕ್ ಹೀಗೇ ಬಂದವರು. ಜರ್ಮನಿಯ ಮೂಕಿಚಿತ್ರಗಳ ನೆರಳನ್ನು ಅವರು ಜೊತೆಗೆ ತಂದರು, ಅಮೆರಿಕದ ಅಪರಾಧ ಕಾದಂಬರಿ ಅದಕ್ಕೆ ಕಥೆ ಕೊಟ್ಟಿತು. ಇದು ಈ ಅಂಕಣದ ಓದುಗರಿಗೆ ಹೊಸದಲ್ಲ. ನಮ್ಮವರು ಮರೆಯುವುದು ಮುಂದಿನ ಮಾತನ್ನು: ಅದೇ ಜರ್ಮನ್ ನೆರಳು ಅಟ್ಲಾಂಟಿಕ್ ದಾಟಿದ ಕಾಲದಲ್ಲೇ ಅರಬ್ಬಿ ಸಮುದ್ರವನ್ನೂ ದಾಟಿತ್ತು.

ಮ್ಯೂನಿಕ್‌ನ ಜೋಸೆಫ್ ವಿರ್ಶಿಂಗ್ ಮುಂಬೈಗೆ ಬಂದು 1934ರಲ್ಲಿ ಶುರುವಾದ ಬಾಂಬೆ ಟಾಕೀಸಿನ ಕ್ಯಾಮೆರಾ ಹಿಡಿದರು. ‘ಅಛೂತ್ ಕನ್ಯಾ’ (1936) ಅವರದು, ‘ಮಹಲ್’ (1949) ಅವರದು. ‘ಮಹಲ್’ನ ಆ ಹಾಳುಬಂಗಲೆಯ ಉಯ್ಯಾಲೆ, ತೂಗುದೀಪ, ಅರೆಬರೆ ಕಾಣುವ ಮಧುಬಾಲಾ ಮುಖ ನೋಡಿದವರು ಅದನ್ನು ಯಾವ ಅಮೆರಿಕದ ಚಿತ್ರದ ಪಕ್ಕದಲ್ಲಾದರೂ ಇಡಬಹುದು.

ಇನ್ನೊಂದು ದಾರಿ ನಮ್ಮ ಅಂಗಳದಿಂದಲೇ ಹೋದದ್ದು. ನಿಪ್ಪಾಣಿಯಿಂದ ತಾಸಿನ ಹಾದಿಯ ಕೊಲ್ಹಾಪುರದಲ್ಲಿ ಬಾಬುರಾವ್ ಪೇಂಟರ್ ತಮ್ಮ ಕ್ಯಾಮೆರಾವನ್ನು ತಾವೇ ಕಟ್ಟಿಕೊಂಡು ಮಹಾರಾಷ್ಟ್ರ ಫಿಲ್ಮ್ ಕಂಪನಿ ನಡೆಸಿದರು. ‘ಸಿಂಹಗಡ’ (1923) ಚಿತ್ರದ ರಾತ್ರಿ ದೃಶ್ಯಗಳಿಗೆ ದೀಪ ಹಚ್ಚಿ ಶೂಟಿಂಗ್ ಮಾಡಿದರು. ಅವರ ಗರಡಿಯಲ್ಲಿ ಬೆಳೆದ ವಿ. ಶಾಂತಾರಾಮ್, ದಾಮ್ಲೆ, ಫತ್ತೇಲಾಲ್ ಮೊದಲಾದವರು 1929ರಲ್ಲಿ ಅದೇ ಊರಲ್ಲಿ ಪ್ರಭಾತ್ ಕಂಪನಿ ಕಟ್ಟಿದರು. ಶಾಂತಾರಾಮರು ‘ಸೈರಂಧ್ರಿ’ (1933) ಚಿತ್ರಕ್ಕೆ ಬಣ್ಣದ ಪ್ರತಿ ತೆಗೆಸಲು ಜರ್ಮನಿಗೆ ಹೋದರು. ಬಣ್ಣ ಕೈಕೊಟ್ಟಿತು. ಆದರೆ ಅಲ್ಲಿನ ಚಿತ್ರಗಳನ್ನು ಕಣ್ತುಂಬ ನೋಡಿ ಬಂದರು. ಮರಳಿ ಬಂದು, ಆಗಷ್ಟೇ ಪುಣೆಗೆ ಹೋಗಿದ್ದ ಪ್ರಭಾತ್‌ನಲ್ಲಿ ‘ಅಮೃತಮಂಥನ’ (1934) ಮಾಡಿದಾಗ, ಟೆಲಿಫೋಟೊ ಲೆನ್ಸ್ ಹಾಕಿ ರಾಜಗುರುವಿನ ಪಾತ್ರದ ಚಂದ್ರಮೋಹನ್ ಅವರ ಒಂದೇ ಕಣ್ಣನ್ನು ಪರದೆಯ ತುಂಬ ಹಿಡಿದರು. ಬಣ್ಣಕ್ಕೆಂದು ಹೋದವರು ನೆರಳು ತಂದಿದ್ದರು.

ನನ್ನ ಹಳೆಯ ತಕರಾರು ಇಲ್ಲಿಂದ ಶುರುವಾಗುತ್ತದೆ. ‘ದಿ ಮಾಲ್ಟೀಸ್ ಫಾಲ್ಕನ್’ (1941) ಚಿತ್ರದಿಂದ ನ್ವಾರ್ ಶುರು, ‘ಟಚ್ ಆಫ್ ಈವಿಲ್’ಗೆ ಮುಗಿಯಿತು ಎಂದು ಬೇಲಿ ಹಾಕಿ ಕೂತ ಪಂಡಿತರಿದ್ದಾರೆ. ಅವರು ಪ್ರಭಾತ್‌ನ ‘ಮಾಣೂಸ್’ (1939) ನೋಡಿಲ್ಲ; ನೋಡಿದ್ದರೂ ಮರಾಠಿ ಸಾಮಾಜಿಕ ಚಿತ್ರ ಎಂದು ಬದಿಗಿಟ್ಟಿದ್ದಾರೆ. ಗಣಪತ ಎಂಬ ಸಾಮಾನ್ಯ ಪೊಲೀಸ್ ಪೇದೆ, ದಾಳಿಯ ರಾತ್ರಿ ಮೈನಾ ಎಂಬ ವೇಶ್ಯೆಯನ್ನು ಸಿಕ್ಕಿಬೀಳದಂತೆ ಉಳಿಸುತ್ತಾನೆ. ಪ್ರೀತಿ ಹುಟ್ಟುತ್ತದೆ, ಅವಳನ್ನು ಮನೆ ತುಂಬಿಸಿಕೊಳ್ಳಬೇಕೆಂದು ಹಟ ಹಿಡಿಯುತ್ತಾನೆ. ಅವಳಿಗೆ ಆ ಹೊಸ್ತಿಲು ದಾಟಲು ಆಗುವುದಿಲ್ಲ. ಹಳೆಯ ಬದುಕು ಬೆನ್ನು ಬಿಡುವುದಿಲ್ಲ. ಕಾಡುವ ಮಾಮನನ್ನು ಕೊಲ್ಲುತ್ತಾಳೆ. ಬಿಡಿಸಿಕೊಂಡು ಹೋಗಲು ಗಣಪತ ಬಂದರೂ ಒಲ್ಲೆನೆಂದು ಜೈಲಿಗೆ ನಡೆಯುತ್ತಾಳೆ. ಪೊಲೀಸ್, ಕೆಟ್ಟ ಹೆಸರಿನ ಹೆಣ್ಣು, ಬಿಡದ ಗತಕಾಲ, ಒಂದು ಕೊಲೆ, ಬೆಳಕಿಗಿಂತ ನೆರಳೇ ಹೆಚ್ಚು ಮಾತಾಡುವ ಗಲ್ಲಿ: ನ್ವಾರ್‌ಗೆ ಬೇಕಾದದ್ದರಲ್ಲಿ ಯಾವುದು ಇಲ್ಲ? ‘ಮಾಲ್ಟೀಸ್ ಫಾಲ್ಕನ್’ ಬರಲು ಆಗ ಇನ್ನೂ ಎರಡು ವರ್ಷ ಇತ್ತು.

ಆ ಮೈನಾ ನಮ್ಮ ಹುಡುಗಿ. ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಹುಟ್ಟಿದ ಶಾಂತಾ ಹುಬ್ಳೀಕರ್. ಅವರ ಮುಖದಲ್ಲಿ ಹಾಲಿವುಡ್‌ನ ಮಾಯಗಾತಿಯರ ತಣ್ಣಗಿನ ಲೆಕ್ಕಾಚಾರ ಇಲ್ಲ. ನಗುತ್ತಾರೆ, ಕೆಣಕುತ್ತಾರೆ, ಮರುಕ್ಷಣ ಕಣ್ಣು ಬತ್ತಿಹೋಗುತ್ತದೆ. ‘ಡಬಲ್ ಇಂಡೆಮ್ನಿಟಿ’ಯ ಬಾರ್ಬರಾ ಸ್ಟ್ಯಾನ್ವಿಕ್ ದೊಡ್ಡ ನಟಿ, ಅದರಲ್ಲಿ ಎರಡು ಮಾತಿಲ್ಲ, ಆದರೆ ಅವಳಿಗಾಗಿ ನನಗೆ ಸಂಕಟವಾಗುವುದಿಲ್ಲ, ಮೈನಾಳಿಗಾಗಿ ಪ್ರತಿ ಸಲವೂ ಆಗುತ್ತದೆ. ಶಾಂತಾ ‘ಮಾಣೂಸ್’ನಲ್ಲಿ ಹಾಡಿದ ಹಾಡು ಮನೆಮಾತಾಯಿತು. ಮುಂದೆ ಆತ್ಮಕಥೆ ಬರೆದಾಗ ಆ ಹಾಡಿನ ಮೊದಲ ಸಾಲನ್ನೇ ಹೆಸರಾಗಿ ಇಟ್ಟರು. ಕನ್ನಡದಲ್ಲಿ ಈ ನಟಿಯ ಬಗ್ಗೆ ನಾವು ಬರೆದದ್ದು ತೀರಾ ಕಡಿಮೆ. ಮರಾಠಿಯವರು ನೆನಪಿಟ್ಟುಕೊಂಡಿದ್ದಾರೆ, ಅವರಿಗೆ ಶರಣು.

ಕಾಗವಾಡದವರೇ, ಇನ್ನೊಂದು ಕೊಂಡಿ ಹೇಳುತ್ತೇನೆ. ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್ತ ಪಡುಕೋಣೆ ಸಿನಿಮಾ ಕಲಿತದ್ದು ಇದೇ ಪ್ರಭಾತ್‌ನಲ್ಲಿ. ದೇವ್ ಆನಂದ್ ಗೆಳೆತನ ಆದದ್ದೂ ಅಲ್ಲೇ. ದೇವ್ ಆನಂದ್ ನಂತರ ಅವರಿಗೆ ಕೊಟ್ಟ ಮೊದಲ ಚಿತ್ರ ‘ಬಾಜಿ’ (1951). ಜೂಜುಗಾರ ನಾಯಕ, ನೈಟ್‌ಕ್ಲಬ್, ಮುಖ ಮರೆಸಿಕೊಂಡ ಧಣಿ, ಸಿಗರೇಟಿನ ಹೊಗೆ. ಅದರ ಹಿಂದೆ ‘ಗಿಲ್ಡಾ’ (1946) ಇದೆ ಎಂಬುದು ಎಲ್ಲರಿಗೂ ಗೊತ್ತು. ಆ ಸೆಟ್ಟಿನಲ್ಲಿ ಸಹಾಯಕ ಕ್ಯಾಮೆರಾಮನ್ ಆಗಿದ್ದ ಮೈಸೂರಿನ ವಿ.ಕೆ. ಮೂರ್ತಿ ಒಂದು ಕಷ್ಟದ ಶಾಟ್ ತೆಗೆದುಕೊಟ್ಟರು, ಗುರುದತ್ತ ಅವರನ್ನು ಮುಂದೆ ಬಿಡಲೇ ಇಲ್ಲ. ‘ಜಾಲ್’ನಿಂದ (1952) ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ತನಕ ಮೂರ್ತಿಯವರದೇ ಕಣ್ಣು. ಬೆಂಗಳೂರಿನ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಡಿಪ್ಲೊಮಾ ಮುಗಿಸಿ ಹೋಗಿದ್ದವರು ಅವರು.

‘ಕಾಗಜ್ ಕೆ ಫೂಲ್’ (1959) ಚಿತ್ರದ ಖಾಲಿ ಸ್ಟುಡಿಯೊ ನೆನಪಿಸಿಕೊಳ್ಳಿ. ನಿರ್ದೇಶಕನೂ ನಟಿಯೂ ದೂರ ದೂರ ನಿಂತಿದ್ದಾರೆ, ಹಿನ್ನೆಲೆಯಲ್ಲಿ ಗೀತಾ ದತ್ ದನಿ. ಮೇಲಿಂದ ಒಂದೇ ಒಂದು ಬೆಳಕಿನ ಕೋಲು ಓರೆಯಾಗಿ ನೆಲಕ್ಕೆ ಬೀಳುತ್ತದೆ, ಅದರೊಳಗೆ ಧೂಳು ಆಡುತ್ತದೆ. ಸ್ಟುಡಿಯೊದ ದೀಪಗಳಿಂದ ಅಂಥ ನೆಟ್ಟನೆಯ ಕಿರಣ ಬರಲಿಲ್ಲ. ಮೂರ್ತಿ ಹೊರಗಿನ ಬಿಸಿಲಿಗೆ ದೊಡ್ಡ ಕನ್ನಡಿ ಹಿಡಿಸಿದರು. ಆ ಬಿಸಿಲನ್ನು ಒಳಗೆ, ಮೇಲಿನ ಅಟ್ಟಣಿಗೆಯಲ್ಲಿ ಇಟ್ಟ ಇನ್ನೊಂದು ಕನ್ನಡಿಗೆ ಹಾಯಿಸಿ, ಅಲ್ಲಿಂದ ಕೆಳಗೆ ಬೀಳಿಸಿದರು. ಸೂರ್ಯ ಸರಿಯುವ ಮುನ್ನ ಶಾಟ್ ಮುಗಿಯಬೇಕಿತ್ತು. ಸೈಟ್ಸ್‌ನ ಪುಡಿ, ಮೂರ್ತಿಯವರ ಕನ್ನಡಿ, ಇಬ್ಬರ ಹುಡುಕಾಟವೂ ಒಂದೇ: ಬೆಳಕು ಕಣ್ಣಿಗೆ ಕಾಣಬೇಕು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಗಲ್ಲಾಪೆಟ್ಟಿಗೆಯಲ್ಲಿ ಮಲಗಿತು. ಮೂರ್ತಿಯವರಿಗೆ 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಬಂತು.

ಇಂಥ ಕೆಲಸಕ್ಕೆ ಬಣ್ಣ ಹಚ್ಚುತ್ತೇವೆ ಎಂದು ಹೊರಟವರ ಬಗ್ಗೆ ನನಗಿರುವ ಸಿಟ್ಟು ಈಗ ನಿಮಗೆ ಅರ್ಥವಾದೀತು. ಕಪ್ಪುಬಿಳುಪಿನ ಕಾಲದಲ್ಲಿ ಗೋಡೆಯ ಬಣ್ಣ, ಸೀರೆಯ ಬಣ್ಣ ಎಲ್ಲವನ್ನೂ ಅದು ಫಿಲ್ಮಿನಲ್ಲಿ ಯಾವ ಬೂದಿಯಾಗಿ ಇಳಿಯುತ್ತದೆ ಎಂದು ನೋಡಿ ಆರಿಸುತ್ತಿದ್ದರು. ಕರಿ ಮತ್ತು ಬಿಳಿಯ ನಡುವಿನ ಅಷ್ಟೂ ಮೆಟ್ಟಿಲು ಕ್ಯಾಮೆರಾಮನ್ ಇಟ್ಟ ಲೆಕ್ಕ. ಕಂಪ್ಯೂಟರಿನಲ್ಲಿ ಅದರ ಮೇಲೆ ಹಸಿರು, ಕೆಂಪು ಎಳೆದರೆ ಲೆಕ್ಕ ಅಳಿಸಿಹೋಗುತ್ತದೆ. ಅಮೆರಿಕದಲ್ಲಿ 1986ರಲ್ಲಿ ‘ಮಾಲ್ಟೀಸ್ ಫಾಲ್ಕನ್’ಗೆ ಬಣ್ಣ ಹಾಕಿದಾಗ ಅದರ ನಿರ್ದೇಶಕ, ಎಂಬತ್ತು ವರ್ಷದ ಜಾನ್ ಹೂಸ್ಟನ್ ಪತ್ರಕರ್ತರ ಮುಂದೆ ಬಂದು ಪ್ರತಿಭಟಿಸಿದ. ಅವನ ‘ಆಸ್ಫಾಲ್ಟ್ ಜಂಗಲ್’ನ (1950) ಬಣ್ಣದ ಪ್ರತಿಯ ವಿರುದ್ಧ ಅವನ ಮಕ್ಕಳು ಫ್ರಾನ್ಸಿನ ಸರ್ವೋಚ್ಚ ನ್ಯಾಯಾಲಯದ ತನಕ ಹೋಗಿ 1991ರಲ್ಲಿ ಗೆದ್ದರು. ನಮ್ಮಲ್ಲಿ ‘ಸತ್ಯ ಹರಿಶ್ಚಂದ್ರ’ (1965) ಬಣ್ಣದಲ್ಲಿ ಬಂತು, 2014ರಲ್ಲಿ ‘ಕಸ್ತೂರಿ ನಿವಾಸ’ (1971) ಬಂತು. ಅಣ್ಣಾವ್ರನ್ನು ದೊಡ್ಡ ಪರದೆಯ ಮೇಲೆ ಮತ್ತೆ ನೋಡಲು ಹೋದ ಜನರ ಪ್ರೀತಿ ದೊಡ್ಡದು. ಅದೇ ದುಡ್ಡಿನಲ್ಲಿ ಮೂಲ ಪ್ರತಿಯ ಗೀರು ತೆಗೆದು, ದನಿ ಶುದ್ಧ ಮಾಡಿ, ಕಪ್ಪುಬಿಳುಪಿನಲ್ಲೇ ಬಿಡಬಹುದಿತ್ತು. ಆಗಲೂ ಜನ ಬರುತ್ತಿದ್ದರು ಎಂದೇ ನನ್ನ ನಂಬಿಕೆ.

ಇತ್ತೀಚಿನ ‘ನಿಯೋ ನ್ವಾರ್’ ಹುಡುಗರಿಗೂ ಒಂದು ಮಾತು. ಇಡೀ ಚಿತ್ರಕ್ಕೆ ನೀಲಿ ಬಳಿದು ಮುಖವೇ ಕಾಣದಂತೆ ಮಾಡಿದರೆ ಅದು ನ್ವಾರ್ ಆಗುವುದಿಲ್ಲ. ಎಡ್ಗರ್ ಉಲ್ಮರ್‌ನ ‘ಡಿಟೂರ್’ (1945) ನೋಡಿ. ಎಪ್ಪತ್ತು ನಿಮಿಷವೂ ಇಲ್ಲ. ಸೆಟ್ಟಿಗೆ ದುಡ್ಡಿಲ್ಲದೆ ನ್ಯೂಯಾರ್ಕಿನ ಬೀದಿಯನ್ನು ಬರೀ ಮಂಜಿನಲ್ಲಿ ಕಟ್ಟಿದ್ದಾನೆ. ಹಕ್ಕುಸ್ವಾಮ್ಯ ಇಲ್ಲದ ಚಿತ್ರ, ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತದೆ.

ಪುಕ್ಕಟೆಯೂ ಸಿಗದ, ದುಡ್ಡು ಕೊಟ್ಟರೂ ಸಿಗದ ಚಿತ್ರಗಳು ನಮ್ಮವು. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’ (1934) ತಯಾರಾದದ್ದು ಬೆಂಗಳೂರಿನಲ್ಲಲ್ಲ, ಇಲ್ಲೇ ಕೊಲ್ಹಾಪುರದ ಛತ್ರಪತಿ ಸ್ಟುಡಿಯೊದಲ್ಲಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ಅಲ್ಲಿಗೆ ಬಂದು ನಟಿಸಿದರು. ಅದರ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯ ಹಳೆಯ ಪ್ರಭಾತ್ ಆವರಣದಲ್ಲಿ 2003ರ ಜನವರಿಯಲ್ಲಿ ಬೆಂಕಿ ಬಿದ್ದು ನೈಟ್ರೇಟ್ ರೀಲುಗಳ ದೊಡ್ಡ ರಾಶಿಯೇ ಬೂದಿಯಾಯಿತು.

ಆದ್ದರಿಂದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಓದುಗರಲ್ಲಿ ಒಂದು ಕೇಳಿಕೆ. ನಿಮ್ಮ ಹಿರಿಯರು ಟೂರಿಂಗ್ ಟಾಕೀಸ್ ನಡೆಸಿದ್ದರೆ, ಪ್ರೊಜೆಕ್ಟರ್ ಓಡಿಸಿದ್ದರೆ, ಅಟ್ಟದ ಮೇಲಿನ ಟ್ರಂಕು ಒಮ್ಮೆ ತೆರೆದು ನೋಡಿ. ರೀಲಿನ ಡಬ್ಬಿ ಸಿಕ್ಕರೆ ಪ್ರೊಜೆಕ್ಟರಿಗೆ ಹಾಕಿ ಓಡಿಸಲು ಹೋಗಬೇಡಿ, ಒಲೆ-ದೀಪದಿಂದ ದೂರ ಇಡಿ, ಹಳೆಯ ನೈಟ್ರೇಟ್ ಫಿಲ್ಮು ಥಟ್ಟನೆ ಹತ್ತಿಕೊಳ್ಳುತ್ತದೆ. ಹಾಡಿನ ಪುಸ್ತಕ, ಪೋಸ್ಟರು, ಒಂದು ಸ್ಟಿಲ್ ಫೋಟೊ ಸಿಕ್ಕರೂ ಸರಿಯೇ. ಗುಜರಿಗೆ ಹಾಕದೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ.